ಉಣ್ಣೆಯಾನೆ ಮೀಮಾಂಸೆ

ಆನೆಯ ಬಗ್ಗೆ ಬರೆದವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಪಾಲಕಾಪ್ಯನ ಹೆಸರಿನಲ್ಲಿ ಇಡೀ ಹಸ್ತ್ಯಾಯುರ್ವೇದವೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಆನೆಗೆಂದೇ ಪುಟಗಟ್ಟಲೆ ಜಾಗ ಕೊಟ್ಟಿದ್ದಾನೆ. ಆದರೂ ಐದು ಕಡ್ಡಿಗಳ ನಡುವೆ ಸುತ್ತುಸುತ್ತಾಗಿ ಹುಟ್ಟಿ, ಹೊಟ್ಟೆಗೆ ಹತ್ತಿ ತುಂಬಿಸಿಕೊಂಡು, ಕೂಸಿನ ಬಾಯಲ್ಲಿ ಸೊಂಡಿಲು ನೆನೆಸಿಕೊಳ್ಳುವ ಗೇಣುದ್ದದ ಉಣ್ಣೆಯಾನೆಯ ಬಗ್ಗೆ ಈ ಮಹನೀಯರು ಒಂದಕ್ಷರ ಬರೆದಿಲ್ಲ. ಕಾಡಾನೆಯ ಮದ, ನಡೆ, ಉಗುರುಗಳ ಲೆಕ್ಕದಲ್ಲಿ ಮುಳುಗಿದ್ದ ಪಂಡಿತರಿಗೆ ತೊಟ್ಟಿಲ ಪಕ್ಕದ ಆನೆ ಕಾಣದೇ ಹೋದದ್ದು ನಮ್ಮ ವಿದ್ವತ್ಪರಂಪರೆಯ ದೊಡ್ಡ ಲೋಪ. ಪ್ರಸ್ತುತ ಪ್ರಬಂಧ ಆ ಲೋಪವನ್ನು ಶಾಶ್ವತವಾಗಿ ನೀಗಿಸುತ್ತದೆ.

ಇಲ್ಲಿ ಬಳಸಿರುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಶಬ್ದ ಮತ್ತು ದೊಡ್ಡಮ್ಮ. ಮೊದಲ ಮೂರು ಒಂದಕ್ಕೊಂದು ವಿರುದ್ಧವಾದಾಗ ನಾಲ್ಕನೆಯದೇ ಬಲವತ್ತರ. ನಾಲ್ಕೂ ಒಂದೇ ಮಾತು ಹೇಳಿದಾಗಲೂ ಅಷ್ಟೇ.

ಮೊದಲು ಲಕ್ಷಣ. ಆನೆಯೆಂದರೆ ಕೊಳವೆ. ಒಂದು ದೊಡ್ಡ ಕೊಳವೆಗೆ ಆರು ಸಣ್ಣ ಕೊಳವೆಗಳು, ಅಂದರೆ ನಾಲ್ಕು ಕಾಲು, ಒಂದು ಸೊಂಡಿಲು, ಒಂದು ಬಾಲ, ಸೇರಿದರೆ ಆನೆ. ಹಸುವಿನಲ್ಲಿ ಅತಿವ್ಯಾಪ್ತಿ ಬರುವುದಿಲ್ಲವೇ ಎಂದರೆ, ಹಸುವಿಗೆ ಐದೇ ಕೊಳವೆ. ಕಿವಿಗಳು ಚಪ್ಪಟೆಯಲ್ಲವೇ, ಅವ್ಯಾಪ್ತಿ ದೋಷ ಬಂತಲ್ಲ ಎಂದು ಕೇಳುವವರು ದಯವಿಟ್ಟು ಮುಂದೆ ಕರ್ಣಪರ್ವ ಬರುವವರೆಗೆ ಸಮಾಧಾನದಿಂದ ಇರಬೇಕು. ಕೊಳವೆಯೇ ಆನೆಯ ಸ್ವರೂಪವೆಂದು ಒಪ್ಪಿದ ಮೇಲೆ ಅದನ್ನು ಸುತ್ತು ಹೆಣಿಗೆಯಲ್ಲಿ ಹೆಣೆಯದೆ, ಅಂಗೈಯಗಲದ ತುಂಡುಗಳಾಗಿ ಅತ್ತಿಂದಿತ್ತ ಹೆಣೆದು, ಆಮೇಲೆ ಮಡಚಿ ಹೊಲಿಯುವುದು ಆನೆಗೆ ಮಾಡುವ ಅವಮಾನ. ಅತ್ತಿಂದಿತ್ತ ಹೆಣೆಯುವವರು ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಬೇಕು. ಸುತ್ತಾಗಿ ಹೆಣೆಯುವವರಿಗೆ ಬಲಮಗ್ಗುಲು ಯಾವಾಗಲೂ ಎದುರಿಗೇ ಇರುತ್ತದೆ. ಬರೀ ಸೀದಾ, ಸೀದಾ, ಸೀದಾ. ಆನೆ ನಡೆದದ್ದೇ ದಾರಿ ಎಂಬ ಗಾದೆ ಹುಟ್ಟಿದ್ದು ಹೀಗೆಯೇ ಇರಬೇಕೆಂದು ಊಹಿಸಲು ಯಾವ ಅಡ್ಡಿಯೂ ಇಲ್ಲ.

ಇತಿಹಾಸಕ್ಕೆ ಬರೋಣ. ಈಜಿಪ್ಟಿನಲ್ಲಿ ಸಿಕ್ಕಿರುವ ನೀಲಿ-ಬಿಳಿ ಹತ್ತಿಯ ಹಳೆಯ ಕಾಲುಚೀಲಗಳು ಸುತ್ತು ಹೆಣಿಗೆಯವು. ಸುಮಾರು 1400ರಲ್ಲಿ ಜರ್ಮನಿಯ ಮೈಸ್ಟರ್ ಬೆರ್ಟ್ರಾಮ್‌ನ ಕಡೆಯಿಂದ ಬಂದ ಬುಕ್ಸ್‌ಟೆಹೂಡೆ ಪೀಠಚಿತ್ರ ಈಗ ಹ್ಯಾಂಬರ್ಗಿನ ಕಲಾಸಂಗ್ರಹಾಲಯದಲ್ಲಿದೆ; ಅದರಲ್ಲಿ ಮಾತೆ ಮೇರಿ ಎರಡೂ ತುದಿ ಮೊನಚಾದ ಕಡ್ಡಿಗಳಲ್ಲಿ ಒಂದು ಪುಟ್ಟ ಅಂಗಿಯ ಕೊರಳನ್ನು ಸುತ್ತಾಗಿ ಹೆಣೆಯುತ್ತಿದ್ದಾಳೆ. ಯೇಸುವಿನ ಅಂಗಿಗೆ ಹೊಲಿಗೆಯೇ ಇರಲಿಲ್ಲವೆಂಬ ಬೈಬಲ್ ಮಾತಿಗೆ ಚಿತ್ರಕಾರ ಕೊಟ್ಟ ಭಾಷ್ಯ ಅದು. ಬಾಲಯೇಸು ಪಕ್ಕದಲ್ಲಿ ಪುಸ್ತಕ ಓದುತ್ತಿದ್ದಾನೆ. ಆತನ ಕೈಗೆ ಒಂದು ಆಟದಾನೆ ಕೊಡುವ ಬುದ್ಧಿ ಚಿತ್ರಕಾರನಿಗೆ ಬರಲಿಲ್ಲ. ಆ ಕೆಲಸಕ್ಕೆ 1880ರವರೆಗೆ ಕಾಯಬೇಕಾಯಿತು. ಗೀಂಗೆನ್ ಎಂಬ ಊರಿನಲ್ಲಿ, ಪೋಲಿಯೊದಿಂದ ಗಾಲಿಕುರ್ಚಿ ಹಿಡಿದಿದ್ದ ಮಾರ್ಗರೆಟೆ ಸ್ಟೈಫ್ ಗುಂಡುಸೂಜಿ ಚುಚ್ಚಿಡಲೆಂದು ಫೆಲ್ಟ್ ಬಟ್ಟೆಯ ಪುಟ್ಟ ಆನೆಯೊಂದನ್ನು ಹೊಲಿದಳು. ಮಕ್ಕಳು ಸೂಜಿ ಕಿತ್ತುಹಾಕಿ ಆನೆಯನ್ನೇ ಎತ್ತಿಕೊಂಡು ಹೋದರು. ಅವಳ ಕಾರ್ಖಾನೆಯಿಂದ ಹೆಸರಾಂತ ಕರಡಿ ಹೊರಬಂದದ್ದು ಅದಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಗೊಂಬೆಲೋಕದಲ್ಲಿ ಕರಡಿ ಈಚಿನದು, ಆನೆ ಸನಾತನ ಎಂಬುದು ಇದರಿಂದ ಸಿದ್ಧ. ಸ್ಟೈಫ್ ಅದನ್ನು ಹೆಣೆಯದೆ ಹೊಲಿದಳು ಎಂಬ ಸಣ್ಣ ತೊಡಕನ್ನು ಇಲ್ಲಿಗೇ ಕೈಬಿಡುತ್ತೇವೆ.

ಇನ್ನು ಪ್ರಮಾಣಶಾಸ್ತ್ರ, ಅಂದರೆ ಎಷ್ಟು ಕುಣಿಕೆ ಹಾಕಬೇಕು ಎಂಬ ಗಹನವಾದ ಪ್ರಶ್ನೆ. ಎಲಿಜಬೆತ್ ಜಿಮ್ಮರ್‌ಮನ್ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿ, 1971ರಲ್ಲಿ ಕಣ್ಣೀರಿಲ್ಲದ ಹೆಣಿಗೆಯ ಬಗ್ಗೆ ಪುಸ್ತಕ ಬರೆದ ಸುತ್ತು ಹೆಣಿಗೆಯ ಪರಮ ಪಕ್ಷಪಾತಿ. ಸ್ವೆಟರಿನ ಮೈಸುತ್ತಳತೆಯನ್ನು ನೂರೆಂದು ಹಿಡಿದು ತೋಳು, ಕೊರಳು ಎಲ್ಲವನ್ನೂ ಶೇಕಡಾ ಲೆಕ್ಕದಲ್ಲಿ ಇಳಿಸುವ ವಿಧಾನ ಆಕೆಯದು. ಪಶ್ಚಿಮದವರು ಇದನ್ನು ಹೊಸತೆಂದು ತಿಳಿದಿದ್ದಾರೆ. ಆದರೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿ: ಉತ್ತಮ ಆನೆ ಏಳು ಅರತ್ನಿ ಎತ್ತರ, ಒಂಬತ್ತು ಅರತ್ನಿ ಉದ್ದ, ಹತ್ತು ಅರತ್ನಿ ಸುತ್ತಳತೆ. ಸುತ್ತಳತೆ ನೂರಾದರೆ ಎತ್ತರ ಎಪ್ಪತ್ತು, ಉದ್ದ ತೊಂಬತ್ತು. ಶೇಕಡಾ ಪದ್ಧತಿಯಲ್ಲದೆ ಇದು ಮತ್ತೇನು? ಅದೇ ಗ್ರಂಥದ ಅದೇ ಅಧಿಕರಣದಲ್ಲಿ ಆನೆಗಳಿಗೆ ಹಸ್ತ್ಯಧ್ಯಕ್ಷನೂ ನೂಲಿಗೆ ಸೂತ್ರಾಧ್ಯಕ್ಷನೂ ಇದ್ದಾರೆ. ಸೂತ್ರಾಧ್ಯಕ್ಷ ನೂಲಿಸಬೇಕಾದ ಸರಕಿನ ಪಟ್ಟಿಯಲ್ಲಿ ಉಣ್ಣೆಯೂ ಇದೆ, ಬೂರುಗದ ಹತ್ತಿಯೂ ಇದೆ. ಮೈಗೆ ಒಂದು, ಹೊಟ್ಟೆಗೆ ಇನ್ನೊಂದು. ಇವೆರಡು ಇಲಾಖೆಗಳ ನಡುವೆ ಕಡತ ಓಡಾಡಿರಲೇಬೇಕು. ಚಂದ್ರಗುಪ್ತ ಮೌರ್ಯ ತೊಟ್ಟಿಲಲ್ಲಿ ಏನು ಹಿಡಿದು ಮಲಗಿದ್ದ ಎಂಬುದನ್ನು ಇತಿಹಾಸಕಾರರು ಇನ್ನಾದರೂ ಕೇಳಿಕೊಳ್ಳಬೇಕು.

ಅರತ್ನಿಯೆಂದರೆ ಒಂದು ಮೊಳ. ನಮ್ಮ ಆನೆಗೆ ಒಂದು ಮೊಳಕ್ಕೆ ಒಂದು ಇಂಚು ಎಂದು ಇಳಿಸಿದರೆ ಉದ್ದ ಒಂಬತ್ತು ಇಂಚು, ಸರಿಯಾಗಿ ಒಂದು ಗೇಣು. ದೊಡ್ಡಮ್ಮನ ಕೈಯಲ್ಲಿ ಒಂದು ಇಂಚಿಗೆ ಐದು ಕುಣಿಕೆ, ಏಳು ಸುತ್ತು ಬರುತ್ತವೆ. ಹಾಗಾಗಿ ಸುತ್ತಳತೆಗೆ 50 ಕುಣಿಕೆ, ಉದ್ದಕ್ಕೆ 63 ಸುತ್ತು. ಇಲ್ಲೊಂದು ಸಂಕಟ: ಕುಣಿಕೆಗಳನ್ನು ಹೊರುವ ಕಡ್ಡಿಗಳು ನಾಲ್ಕು, 50ನ್ನು ನಾಲ್ಕಕ್ಕೆ ಹಂಚಿದರೆ ಹನ್ನೆರಡೂವರೆ. ಅರ್ಧ ಕುಣಿಕೆ ಎಂಬುದು ಲೋಕದಲ್ಲಿಲ್ಲ. ದೊಡ್ಡಮ್ಮ ಎರಡು ಕುಣಿಕೆ ಹಾರಿಸಿ 48ಕ್ಕೆ ಇಳಿಸಿದರು, ಕಡ್ಡಿಗೆ ಹನ್ನೆರಡು. ರಾಜದ್ರವ್ಯ ನುಂಗಲು ಅಧಿಕಾರಿಗಳಿಗೆ ನಲವತ್ತು ದಾರಿಗಳಿವೆ ಎಂದು ಕೌಟಿಲ್ಯನೇ ಪಟ್ಟಿ ಮಾಡಿದ್ದಾನೆ. ಇದು ನಲವತ್ತೊಂದನೆಯದು.

ಆರಂಭ ಹಿಂಭಾಗದಿಂದ. ಎಂಟು ಕುಣಿಕೆ ಏರಿಸಿ, ಉಂಗುರವಾಗಿ ಕೂಡಿಸಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎಂಟೆಂಟು ಹೆಚ್ಚಿಸುತ್ತ 48ಕ್ಕೆ ಮುಟ್ಟಬೇಕು. ಅಂದರೆ ಸರಾಸರಿ ಸುತ್ತಿಗೆ ನಾಲ್ಕು. ಮೇಲೆ ಹೇಳಿದ ಐದು-ಏಳರ ಲೆಕ್ಕದಲ್ಲಿ ತಟ್ಟೆಯಂತೆ ಚಪ್ಪಟೆಯಾಗಿ ಬರಬೇಕಾದರೆ ಸುತ್ತಿಗೆ ಸುಮಾರು ನಾಲ್ಕೂವರೆ ಹೆಚ್ಚಿಸಬೇಕು. ಆ ಅರ್ಧದ ಕೊರತೆಯಿಂದಲೇ ಬಟ್ಟೆ ಮೆಲ್ಲಗೆ ಬಾಗಿ ಗುಮ್ಮಟವಾಗುತ್ತದೆ. ಜಗತ್ತಿನ ಸಕಲ ಉಣ್ಣೆಯಾನೆಗಳ ನಿತಂಬಸೌಂದರ್ಯ ಪೈ ಎಂಬ ಸಂಖ್ಯೆಗೆ ಮಾಡಿದ ಒಂದು ಸಣ್ಣ ಮೋಸದ ಫಲ.

ಐದು ಕಡ್ಡಿ ಏಕೆಂಬುದಕ್ಕೆ ಪ್ರಬಲ ಆಧಾರ ಭೌತಶಾಸ್ತ್ರದಲ್ಲಿದೆ. 1953ರಲ್ಲಿ ಫ್ರೀಮನ್ ಡೈಸನ್ ತಮ್ಮ ಲೆಕ್ಕಗಳನ್ನು ಎನ್ರಿಕೊ ಫರ್ಮಿಗೆ ತೋರಿಸಲು ಹೋದಾಗ, ಫರ್ಮಿ ತಮ್ಮ ಗೆಳೆಯ ಜಾನ್ ಫಾನ್ ನಾಯ್ಮನ್ ಹೇಳುತ್ತಿದ್ದ ಮಾತೊಂದನ್ನು ನೆನೆದರು: ಇಷ್ಟಬಂದಂತೆ ತಿರುಗಿಸಲು ನಾಲ್ಕು ಅಂಕಿಗಳನ್ನು ಕೊಟ್ಟರೆ ಆನೆಯನ್ನೇ ಮೂಡಿಸಬಹುದು, ಐದನೆಯದನ್ನೂ ಕೊಟ್ಟರೆ ಅದರ ಸೊಂಡಿಲನ್ನೂ ಆಡಿಸಬಹುದು. ಡೈಸನ್ ಇದನ್ನು ತಮ್ಮ ಸಿದ್ಧಾಂತಕ್ಕೆ ಬಿದ್ದ ಪೆಟ್ಟೆಂದು ತಿಳಿದು ಸಪ್ಪೆ ಮೋರೆ ಹಾಕಿಕೊಂಡು ಮರಳಿದರು. 2010ರಲ್ಲಿ ಮೂವರು ವಿಜ್ಞಾನಿಗಳು ನಾಲ್ಕು ಸಂಕೀರ್ಣ ಸಂಖ್ಯೆಗಳಿಂದ ಆನೆಯ ಆಕಾರವನ್ನು ನಿಜಕ್ಕೂ ಬರೆದು, ಐದನೆಯದರಿಂದ ಸೊಂಡಿಲು ಆಡಿಸಿ ಪ್ರಕಟಿಸಿದರು. ಇವರಲ್ಲಿ ಒಬ್ಬರೂ ಹೆಣೆಯುವ ಹೆಂಗಸಿನ ಪಕ್ಕ ಐದು ನಿಮಿಷ ಕೂತವರಲ್ಲ. ಕೂತಿದ್ದರೆ ಕಾಣುತ್ತಿತ್ತು: ನಾಲ್ಕು ಕಡ್ಡಿಗಳು ಆನೆಯನ್ನು ಹೊತ್ತು ಸುಮ್ಮನಿರುತ್ತವೆ, ಅಲುಗಾಡುವುದು ಐದನೆಯದೊಂದೇ. ಈ ಶೋಧವನ್ನು ಸಂಭ್ರಮದಿಂದ ಅರುಹಿದಾಗ ದೊಡ್ಡಮ್ಮ, “ಆ ಐದ್ನೇದರ ಮೇಲೇ ಕೂತಿದೀಯ, ಏಳೋ” ಎಂದರು.

ಸುತ್ತು ಹೆಣಿಗೆಗೆ ಒಂದು ಗುಪ್ತರೋಗವಿದೆ. ಸುತ್ತೆಂದು ನಾವು ಕರೆಯುವುದು ನಿಜಕ್ಕೂ ಸುರುಳಿ. ಹೊರಟ ಜಾಗಕ್ಕೆ ಬರುವಷ್ಟರಲ್ಲಿ ಒಂದು ಮೆಟ್ಟಿಲು ಮೇಲಿರುತ್ತೇವೆ. ಒಂದೇ ಬಣ್ಣವಾದರೆ ಯಾರಿಗೂ ತಿಳಿಯದು. ಬಣ್ಣ ಬದಲಿಸಿ ಪಟ್ಟೆ ಹಾಕಿದ ಕೂಡಲೇ ಆನೆಯ ಮೈಮೇಲೆ ಮುರುಕು ಕಾಣುತ್ತದೆ. ಬೇಲೂರು, ಹಳೇಬೀಡುಗಳಲ್ಲಿ ಗುಡಿಯ ತಳಪಟ್ಟಿಯ ಉದ್ದಕ್ಕೂ ಆನೆಗಳ ಸಾಲು ಸುತ್ತುವರಿದಿದೆ. ಹೊಯ್ಸಳ ಶಿಲ್ಪಿಗಳಿಗೆ ಈ ರೋಗ ತಗಲಲಿಲ್ಲ, ಏಕೆಂದರೆ ಅವರು ಕಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು, ಉಣ್ಣೆಯಲ್ಲಲ್ಲ. ಹೊಸ ಬಣ್ಣದ ಎರಡನೆಯ ಸುತ್ತಿನ ಮೊದಲ ಕುಣಿಕೆಯ ಜೊತೆಗೆ ಅದರ ಕೆಳಗಿನದನ್ನೂ ಎತ್ತಿ ಹೆಣೆಯುವುದು ಇದಕ್ಕೆ ಮದ್ದು. ಮುರುಕು ಪೂರ್ತಿ ಹೋಗುವುದಿಲ್ಲ, ಮರೆಯಾಗುತ್ತದೆ. ದೊಡ್ಡಮ್ಮನ ಮತದಲ್ಲಿ ಸುತ್ತಿನ ಮೊದಲನ್ನು ಹೊಟ್ಟೆಯ ಕೆಳಗಿಡಬೇಕು. ಆನೆಯನ್ನು ಮಗುಚಿ ನೋಡುವವರಿಗೆ ಕಾಫಿ ಕೊಡಬಾರದು.

ಈಗ ಪ್ರಬಂಧದ ಹೃದಯಭಾಗ. ಕಾಲು ಮತ್ತು ತಲೆಗಳಿಗೂ ಒಡಲಿಗೂ ಇರುವ ಸಂಬಂಧವೇನು? ಆಚಾರ್ಯತ್ರಯರ ಕ್ಷಮೆ ಕೋರಿ ಹೇಳುವುದಾದರೆ, ಇಲ್ಲಿ ಮೂರು ಮತಗಳಿವೆ. ಶೃಂಗೇರಿಯ ಕಡೆಯವರು ಬಾಲದಿಂದ ಸೊಂಡಿಲ ತುದಿಯವರೆಗೆ ಒಂದೇ ದಾರದಲ್ಲಿ, ಎಲ್ಲಿಯೂ ಕಡಿಯದೆ ಹೆಣೆಯುತ್ತಾರೆ. ಕಾಲು, ತಲೆ ಎಂಬುದೆಲ್ಲ ಹೆಸರು, ರೂಪ, ಉಣ್ಣೆಯೊಂದೇ ಸತ್ಯ. ಸಂದೇಹವಿದ್ದರೆ ದಾರದ ತುದಿ ಹಿಡಿದು ಎಳೆಯಬಹುದು. ಆನೆ ಹೋಗಿ ಉಂಡೆ ಉಳಿಯುತ್ತದೆ. ಉಡುಪಿಯ ಕಡೆಯವರಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಕಾಲು ಒಡಲಲ್ಲ, ಒಡಲು ತಲೆಯಲ್ಲ, ಒಂದು ಕಾಲು ಇನ್ನೊಂದು ಕಾಲೂ ಅಲ್ಲ. ಭೇದ ನಿತ್ಯ, ಸತ್ಯ. ಆದ್ದರಿಂದ ಎಲ್ಲವನ್ನೂ ಬೇರೆಬೇರೆಯಾಗಿ ಹೆಣೆದು, ತಾರತಮ್ಯ ನೋಡಿ, ದಬ್ಬಳದಿಂದ ಹೊಲಿಯಬೇಕು. ಮೇಲುಕೋಟೆಯವರು ಒಡಲನ್ನು ಮೊದಲು ಹೆಣೆದು, ಅದರ ಅಂಚಿನಿಂದಲೇ ಹೊಸ ಕುಣಿಕೆಗಳನ್ನು ಎತ್ತಿಕೊಂಡು ಕಾಲನ್ನು ಇಳಿಸುತ್ತಾರೆ. ಕಾಲು ಬೇರೆಯೇ ಹೌದು, ಆದರೆ ಒಡಲನ್ನು ಬಿಟ್ಟು ಅದಕ್ಕೆ ಇರವಿಲ್ಲ. ಅಪೃಥಕ್‌ಸಿದ್ಧಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷ್ಯಕಾರನೂ ತೋರಿಸಿಲ್ಲ.

ಮೂರೂ ಮತಗಳಲ್ಲಿ ಯಾವುದು ಗಟ್ಟಿ? ಕೂಸು ಆನೆಯನ್ನು ಕಾಲು ಹಿಡಿದೇ ಎತ್ತುತ್ತದೆ, ತಲೆ ಹಿಡಿದು ಎತ್ತುವುದಿಲ್ಲ. ಹೊಲಿದ ಕಾಲು ಮೊದಲು ಕಿತ್ತುಬರುತ್ತದೆ. ಒಂದೇ ದಾರದ ಆನೆಯಲ್ಲಿ ಎಲ್ಲೋ ಒಂದು ಕುಣಿಕೆ ಜಾರಿದರೆ ಪ್ರಳಯ. ಎತ್ತಿ ಹೆಣೆದ ಕಾಲು ನಿಲ್ಲುತ್ತದೆ, ಆದರೆ ಕಂಕುಳಿನಲ್ಲಿ ತೂತು ಬೀಳುತ್ತದೆ; ಅಲ್ಲೊಂದು ಕುಣಿಕೆ ಹೆಚ್ಚಿಗೆ ಎತ್ತಿ ಮುಂದಿನ ಸುತ್ತಿನಲ್ಲಿ ಕೂಡಿಸಿಬಿಡಬೇಕು. ತಲೆಯ ವಿಷಯದಲ್ಲಿ ಮಾತ್ರ ಬೇರೆ ಹೆಣೆದು ಕೂಡಿಸುವ ಪಕ್ಷಕ್ಕೆ ಕೈಲಾಸದ ಪೂರ್ವನಿದರ್ಶನವಿರುವುದರಿಂದ ವಾದ ಬೆಳೆಸುವುದಿಲ್ಲ.

ಪುರಾಣವೈರಾಗ್ಯ, ಪ್ರಸವವೈರಾಗ್ಯ, ಶ್ಮಶಾನವೈರಾಗ್ಯಗಳ ಸಾಲಿಗೆ ಸೇರಬೇಕಾದ ಇನ್ನೊಂದು, ನಾಲ್ಕನೆಯ ಕಾಲಿನ ವೈರಾಗ್ಯ. ಮೊದಲ ಕಾಲು ಕುತೂಹಲದಿಂದ ಆಗುತ್ತದೆ, ಎರಡನೆಯದು ಹುರುಪಿನಿಂದ, ಮೂರನೆಯದು ಮಾನ ಉಳಿಸಿಕೊಳ್ಳಲು. ನಾಲ್ಕನೆಯದಕ್ಕೆ ಕಾರಣವೇ ಉಳಿದಿರುವುದಿಲ್ಲ. ಧರ್ಮ ಯುಗಕ್ಕೊಂದು ಕಾಲು ಕಳೆದುಕೊಂಡಿತೆಂದು ಪುರಾಣ ಹೇಳುತ್ತದೆ. ಮನೆಮನೆಯ ಅಲ್ಮೇರಾಗಳಲ್ಲಿ ಇಂದಿಗೂ ತ್ರೇತಾಯುಗ ನಡೆಯುತ್ತಿದೆ.

ತುಂಬುವಿಕೆಯಲ್ಲಿ ಜಿಪುಣತನ ಸಲ್ಲದು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಹಾಕಿದರೆ ಕೊರಳು ಸೋತು ತಲೆ ತೂಗಾಡುತ್ತದೆ. ಹಾಗೆಂದು ಗಿಡಿದರೆ ಕುಣಿಕೆಗಳು ಹಿಗ್ಗಿ ಒಳಗಿನದು ಹೊರಗೆ ಇಣುಕುತ್ತದೆ. ಅದಕ್ಕೇ ಆಟಿಕೆಗೆ ಆ ದಾರಕ್ಕೆ ಹೇಳಿದ್ದಕ್ಕಿಂತ ಸಣ್ಣ ಕಡ್ಡಿ ಹಿಡಿದು ಒತ್ತಾಗಿ ಹೆಣೆಯುವುದು. ಕಾಲಿಗೆ ಬಿಗಿ, ಒಡಲಿಗೆ ಹದ, ಸೊಂಡಿಲಿಗೆ ಅತ್ಯಲ್ಪ, ಇಲ್ಲವಾದರೆ ಅದು ಬಾಗುವುದಿಲ್ಲ. ತುಂಬಿ ಬಾಯಿ ಮುಚ್ಚಿದ ಮೇಲೆ ಆನೆಯಲ್ಲಿ ಒಂದೂ ತೂತಿಲ್ಲ. ಗಣಿತಜ್ಞರ ಕಣ್ಣಲ್ಲಿ ಬಾಯಿಂದ ಬಾಲದ ಬುಡದವರೆಗೆ ದಾರಿಯುಳ್ಳ ಕಾಡಾನೆ ಉದ್ದಿನ ವಡೆಯ ಜಾತಿ, ಉಣ್ಣೆಯಾನೆ ಬೋಂಡದ ಜಾತಿ. ಒಂದನ್ನು ಎಷ್ಟೇ ಎಳೆದಾಡಿದರೂ ಇನ್ನೊಂದಾಗದು. ಉಣ್ಣೆಯಾನೆ ಲದ್ದಿ ಹಾಕದಿರುವುದಕ್ಕೆ ಇದಕ್ಕಿಂತ ಉದಾತ್ತವಾದ ಕಾರಣ ಬೇಕಿಲ್ಲ.

ಕಿವಿಗಳ ಪ್ರಶ್ನೆ ಬಾಕಿಯಿದೆ. ನಮ್ಮ ಮನೆಯಲ್ಲಿರುವ ಮಾದರಿಯ ಜೆರಾಕ್ಸ್ ಪ್ರತಿಯಲ್ಲಿ ಕರ್ಣಪರ್ವದ ಮೇಲೆ ಒಗ್ಗರಣೆ ಎಣ್ಣೆ ಬಿದ್ದು ಪಾಠ ನಷ್ಟವಾಗಿದೆ. ಕಿವಿ ದೊಡ್ಡದಾದರೆ ಆನೆ ಆಫ್ರಿಕದ್ದಾಗುತ್ತದೆ, ಆಗ ಬೆನ್ನಿನ ನಡುವೆ ತಗ್ಗು ಕೊಡಬೇಕು, ಸೊಂಡಿಲ ತುದಿಗೆ ಎರಡು ಬೆರಳು ಬೇಕು. ಕಿವಿ ಚಿಕ್ಕದಾದರೆ ನಮ್ಮ ಬಂಡೀಪುರದ್ದು, ಬೆನ್ನು ಉಬ್ಬಿರಬೇಕು, ಬೆರಳು ಒಂದೇ. ದೊಡ್ಡಮ್ಮ ಉಳಿದ ಉಣ್ಣೆಯನ್ನು ಎರಡು ಪಾಲು ಮಾಡಿ, ಅದು ಎಷ್ಟು ಬಂತೋ ಅಷ್ಟು ಕಿವಿ ಹೆಣೆದರು. ಪ್ರಾಣಿಶಾಸ್ತ್ರ ಇದರ ಮುಂದೆ ಮೂಕವಾಯಿತು.

ಕೊನೆಗೆ ಕಣ್ಣು. ಶಿಲ್ಪಶಾಸ್ತ್ರದ ಪ್ರಕಾರ ನೇತ್ರೋನ್ಮೀಲನ ಎಲ್ಲ ಮುಗಿದ ಮೇಲೆ. ಅಂಗಡಿಯ ಪ್ಲಾಸ್ಟಿಕ್ ಕಣ್ಣಿಗೆ ಒಳಗಿನಿಂದ ಬಿಲ್ಲೆ ಒತ್ತಬೇಕಾದ್ದರಿಂದ ತಲೆ ಮುಚ್ಚುವ ಮೊದಲೇ ಕೂರಿಸಬೇಕು. ಶಾಸ್ತ್ರಕ್ಕೂ ಮಾರುಕಟ್ಟೆಗೂ ನೇರ ವಿರೋಧ. ಇದರ ಸಮನ್ವಯಕ್ಕೆಂದು ನಾವು ಟಿಪ್ಪಣಿ ಸಿದ್ಧಪಡಿಸುತ್ತಿರುವಾಗಲೇ ದೊಡ್ಡಮ್ಮ, “ಗುಂಡಿ ಗಿಂಡಿ ಇಟ್ರೆ ಮಗು ಕಿತ್ತು ನುಂಗತ್ತೆ ಕಣೋ” ಎಂದು ಕಪ್ಪು ದಾರದಲ್ಲಿ ಎರಡು ಕಣ್ಣು ಕಸೂತಿ ಹಾಕಿ, ಗಂಟನ್ನು ಒಳಗೆ ಎಳೆದು, ಆನೆಯನ್ನು ಎದುರು ಮನೆಗೆ ಕಳಿಸಿಯೇಬಿಟ್ಟರು. ಕಣ್ಣು ಕೊನೆಗೇ ತೆರೆದದ್ದರಿಂದ ಶಾಸ್ತ್ರವೇ ಗೆದ್ದಿತು ಎಂಬುದನ್ನು ಓದುಗರು ಗಮನಿಸಬೇಕು.

ಮೇಲಿನ ಯಾವುದೇ ಸಿದ್ಧಾಂತದ ಬಗ್ಗೆ ತಕರಾರಿರುವ ವಿದ್ವಾಂಸರು ಸಂಜೆ ಕಾಫಿ ಹೊತ್ತಿಗೆ ವಾದಕ್ಕೆ ಬರಬಹುದು. ತಮ್ಮ ಐದು ಕಡ್ಡಿಗಳನ್ನು ತಾವೇ ತರತಕ್ಕದ್ದು. ದೊಡ್ಡಮ್ಮ ತಮ್ಮವನ್ನು ಯಾರಿಗೂ ಕೊಡುವುದಿಲ್ಲ.