ಲಿಂಕಪ್ಪನ ಲಕ್ಷಣಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಪ್ರತಿಯೊಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಒಬ್ಬನಾದರೂ ನೆಲೆಸಿರುವ, ಆದರೆ ಗ್ರಾಮಜೀವನದ ಅಧ್ಯಯನಗಳಲ್ಲಿ ಗೌಡ, ಕುಲಕರ್ಣಿ, ಸಾವ್ಕಾರರ ಸಾಲಿನಲ್ಲಿ ಇನ್ನೂ ಸ್ಥಾನ ಪಡೆಯದ ಒಂದು ಮನುಷ್ಯವರ್ಗಕ್ಕೆ ಲಿಂಕಪ್ಪ ಎಂಬ ಹೆಸರು ಸಲ್ಲುತ್ತದೆ. ಅವನ ಹುಟ್ಟುಹೆಸರು ಲಿಂಗಪ್ಪನೋ ಬಸಪ್ಪನೋ ಹುಸೇನಪ್ಪನೋ ಇದ್ದೀತು, ವಾಸ ಗೊರೇಬಾಳ. ಈ ಹೆಸರಿನ ಊರು ಈ ಸೀಮೆಯಲ್ಲಿ ಒಂದಕ್ಕಿಂತ ಹೆಚ್ಚಿರುವುದರಿಂದ ಯಾವ ಗೊರೇಬಾಳ ಎಂಬ ಪ್ರಶ್ನೆ ಏಳುವುದು ಸಹಜವಾದರೂ, ಲಿಂಕಪ್ಪ ಎಲ್ಲ ಗೊರೇಬಾಳಗಳಲ್ಲಿಯೂ ಇದ್ದಾನಾದ್ದರಿಂದ ಉತ್ತರದ ಅಗತ್ಯವಿಲ್ಲ. ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳನ್ನು ತಲೆದಿಂಬಿನ ಎತ್ತರಕ್ಕೆ ಪೇರಿಸಿಟ್ಟು, ನೇಮಕಾತಿ ಆದೇಶ ಬರುವವರೆಗೆ ಕೈಗೊಂದು ಕೆಲಸವಿರಲೆಂದು ಅವನು ಬ್ಲಾಗನ್ನು, ಎಂದರೆ ಸಂಪಾದಕನ ಕಾಟವಿಲ್ಲದೆ ತಾನೇ ಬರೆದು ತಾನೇ ಪ್ರಕಟಿಸಬಹುದಾದ ಜಾಲತಾಣವನ್ನು, ತೆರೆದಿರುತ್ತಾನೆ.

1999ರಲ್ಲಿ ಆರಂಭವಾಗಿ 2003ರಲ್ಲಿ ಗೂಗಲ್ ಕೈಸೇರಿದ ಬ್ಲಾಗರ್ ಎಂಬ ಸೇವೆಯಲ್ಲಿ ಕಾಸು ಖರ್ಚಿಲ್ಲದೆ ಇಂಥ ತಾಣ ಕಟ್ಟಬಹುದಾದ್ದರಿಂದ, ಮೊದಲ ತಲೆಮಾರಿನ ಕನ್ನಡ ಬ್ಲಾಗಿಗರು ಅಲ್ಲಿ ಕವಿತೆ, ಊರ ನೆನಪು, ಸಿನಿಮಾ ವಿಮರ್ಶೆಗಳನ್ನು ಧಾರಾಳವಾಗಿ ಬರೆದು, ಪರಸ್ಪರ ಹೊಗಳಿ, ಕಾಲಕ್ರಮದಲ್ಲಿ ಫೇಸ್‌ಬುಕ್ಕಿಗೆ ಗುಳೆ ಹೋದರು. ಲಿಂಕಪ್ಪ ಎರಡನೆಯ ತಲೆಮಾರಿನವನು. ಅವನಿಗೆ ಬರವಣಿಗೆಗಿಂತ ಬರವಣಿಗೆಯ ವಿಳಾಸ ಮುಖ್ಯ. ಗೃಹಲಕ್ಷ್ಮಿಯ ಎರಡು ಸಾವಿರ, ಪಿಎಂ ಕಿಸಾನ್ ಕಂತು, ಬೆಳೆವಿಮೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಇವೇ ಅವನ ಕಾವ್ಯವಸ್ತುಗಳು. ಬೇರೊಂದು ತಾಣದಿಂದ ಎತ್ತಿಕೊಂಡ ನಾಲ್ಕು ಸಾಲುಗಳನ್ನು ಹನ್ನೆರಡು ಸಾಲುಗಳಿಗೆ ಹಿಗ್ಗಿಸಿ, ಅಸಲು ಸುದ್ದಿಯನ್ನು ಹದಿಮೂರನೆಯ ಸಾಲಿಗೆ ಮುಂದೂಡುವುದೇ ಅವನ ಶೈಲಿ.

ವಿಳಾಸಕ್ಕೆ ಇಷ್ಟು ಮಹತ್ವ ಬಂದುದರ ಹಿಂದೆ ಒಂದು ಶಾಸ್ತ್ರವಿದೆ. ಒಂದು ತಾಣದ ಪುಟದಲ್ಲಿ ಮತ್ತೊಂದು ತಾಣಕ್ಕೆ ದಾರಿ ತೋರಿಸುವ ಕೊಂಡಿಯಿದ್ದರೆ, ಅದು ಆ ಎರಡನೆಯ ತಾಣದ ಪಾಲಿಗೆ ಬ್ಯಾಕ್‌ಲಿಂಕ್ ಎನಿಸುತ್ತದೆ. ವಿದ್ವತ್ ಪ್ರಬಂಧಗಳಲ್ಲಿ ಹೆಚ್ಚು ಮಂದಿ ಉಲ್ಲೇಖಿಸಿದ ಗ್ರಂಥಕ್ಕೆ ಹೆಚ್ಚಿನ ತೂಕ ಬರುವಂತೆಯೇ, ಹೆಚ್ಚು ಪುಟಗಳು, ಅದರಲ್ಲಿಯೂ ಸ್ವತಃ ತೂಕವುಳ್ಳ ಪುಟಗಳು, ಕೈತೋರಿಸುವ ಪುಟವೇ ಹುಡುಕಾಟದಲ್ಲಿ ಮೇಲು ಎಂಬ ತತ್ತ್ವವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಪೇಜ್‌ರ್ಯಾಂಕ್ ಎಂಬ ಲೆಕ್ಕಕ್ಕೆ ಇಳಿಸಿ, 1998ರಲ್ಲಿ ಗೂಗಲ್ ಕಂಪನಿಯನ್ನು ಸ್ಥಾಪಿಸಿದರು. ಈ ಲೆಕ್ಕದಲ್ಲಿ ಕೊಂಡಿಯೆಂಬುದು ಇನ್ನೊಬ್ಬರು ನುಡಿಯುವ ಸಾಕ್ಷಿ. ವಾದಿಯೂ ತಾನೇ, ಸಾಕ್ಷಿಯೂ ತಾನೇ ಆಗಲು ಸಾಧ್ಯವೇ ಎಂಬುದನ್ನು ಲಿಂಕಪ್ಪ ತನ್ನ ಜೀವಮಾನದ ಸಂಶೋಧನೆಯನ್ನಾಗಿ ಕೈಗೊಂಡಿದ್ದಾನೆ.

ಅವನನ್ನು ಗುರುತಿಸುವುದು ಕಷ್ಟವಲ್ಲ. ಎದುರಿಗೆ ಸಿಕ್ಕವರನ್ನು ಊಟವಾಯಿತೇ ಎಂದು ಕೇಳುವ ಬದಲು “ಯಣ್ಣಾ, ಒಂದ್ ಲಿಂಕ್ ಕಳ್ಸೀನಿ, ಸುಮ್ನ ಒತ್ತು ಸಾಕು, ಓದಬ್ಯಾಡ” ಎನ್ನುತ್ತಾನೆ. ಓದುಗನಿಂದ ಓದನ್ನೇ ನಿರೀಕ್ಷಿಸದ ಲೇಖಕ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಇವನೇ ಮೊದಲಿಗನಿರಬೇಕು. ಊರಿನಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಗುಂಪಿಗೆ ಬಂದಾಗ ‘ಓಂ ಶಾಂತಿ’ಗಳ ಸಾಲಿನ ನಡುವೆ ಇವನದೂ ಒಂದು ‘ಓಂ ಶಾಂತಿ’ ಇರುತ್ತದೆ. ಅದರ ಕೆಳಗೆ ವಿಧವಾ ವೇತನಕ್ಕೆ ಅರ್ಜಿ ಸಲ್ಲಿಸುವ ಕ್ರಮವನ್ನು ತಿಳಿಸುವ ಕೊಂಡಿಯೂ ಇರುತ್ತದೆ. ಹಿರಿಯರು ಗದರಿದರೆ, “ಉಪಯೋಗ ಆಗ್ಲಿ ಅಂತ ಹಾಕೀನ್ರಿ ಕಾಕಾ” ಎಂದು ವಿನಯದಿಂದ ಹೇಳುತ್ತಾನೆ. ಸುಳ್ಳು ವದಂತಿಗಳನ್ನು ತಡೆಯಲೆಂದು ವಾಟ್ಸ್‌ಆ್ಯಪ್ ಸಂಸ್ಥೆಯು 2018ರ ಜುಲೈಯಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂದು ಮಿತಿ ವಿಧಿಸಿದುದನ್ನೂ, 2020ರ ಏಪ್ರಿಲ್‌ನಲ್ಲಿ ಬಹಳ ಸಲ ಫಾರ್ವರ್ಡ್ ಆದ ಸಂದೇಶಗಳಿಗೆ ಆ ಮಿತಿಯನ್ನು ಒಂದಕ್ಕೆ ಇಳಿಸಿದುದನ್ನೂ ಅವನು ಇಂದಿಗೂ ತನ್ನ ಏಳಿಗೆಯನ್ನು ಸಹಿಸದವರ ಪಿತೂರಿಯೆಂದೇ ತಿಳಿದಿದ್ದಾನೆ. ಖಾಸಗಿ ಗುಂಪುಗಳಿಗೆ ಹುಡುಕುಯಂತ್ರದ ಪ್ರವೇಶವಿಲ್ಲದ್ದರಿಂದ ಅಲ್ಲಿ ಹಂಚಿದ ಕೊಂಡಿ ಬ್ಯಾಕ್‌ಲಿಂಕ್ ಲೆಕ್ಕಕ್ಕೆ ಬರುವುದೇ ಇಲ್ಲವೆಂಬ ಸಂಗತಿಯನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ಗುಂಪುಗಳ ಆಚೆಗಿನ ಅವನ ಕಾರ್ಯಕ್ಷೇತ್ರವೆಂದರೆ ಬರಹ, ಚಿತ್ರ, ಕೊಂಡಿಗಳನ್ನು ಯಾರು ಬೇಕಾದರೂ ತಂದು ಹಾಕಬಹುದಾದ ಹಂಚಿಕೆ ತಾಣಗಳು. ಯಾವುದೋ ಹಳೆಯ ಯೂಟ್ಯೂಬ್ ಪಾಠದಿಂದ ಇಳಿಸಿಕೊಂಡ ನೂರು ತಾಣಗಳ ಪಟ್ಟಿಯೊಂದು ಅವನ ಬಳಿಯಿದ್ದು, ಅದರಲ್ಲಿ 2018ರಲ್ಲಿ ಬಾಗಿಲು ಮುಚ್ಚಿದ ಸ್ಟಂಬಲ್‌ಅಪಾನ್ ಮತ್ತು 2019ರಲ್ಲಿ ಕಣ್ಮುಚ್ಚಿದ ಗೂಗಲ್ ಪ್ಲಸ್ ಇನ್ನೂ ಮೊದಲ ಹತ್ತರೊಳಗಿವೆ. ಬದುಕಿರುವವುಗಳಲ್ಲಿ ಪ್ರಶ್ನೋತ್ತರಗಳ ತಾಣವಾದ ಕೋರಾ ಅವನಿಗೆ ಪ್ರಿಯ: ತಲೆಗೂದಲು ಉದುರುವುದಕ್ಕೆ ಕಾರಣವೇನೆಂದು ಯಾರಾದರೂ ಕೇಳಿದ್ದರೆ, ಚಿಂತೆಯೇ ಕಾರಣವೆಂದು ಒಂದು ಸಾಲು ಬರೆದು, ಹೆಚ್ಚಿನ ಮಾಹಿತಿಗೆ ಬೆಳೆವಿಮೆಯ ಪುಟವನ್ನು ನೋಡತಕ್ಕದ್ದೆಂದು ಸೂಚಿಸುತ್ತಾನೆ. ಬೆಳೆವಿಮೆಗೂ ಚಿಂತೆಗೂ ಇರುವ ನಂಟನ್ನು ಬಲ್ಲ ಈ ಸೀಮೆಯವರು ಆ ಉತ್ತರವನ್ನು ಪೂರ್ತಿ ತಪ್ಪೆನ್ನಲಾರರು.

ಇದಾದ ಮೇಲೆ ಕೊಂಡಿಯ ಕೊಡುಕೊಳ್ಳುವಿಕೆ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದಿಟ್ಟು ಅವರ ಮನೆಯ ಮದುವೆಗೆ ಅಷ್ಟನ್ನೇ ಹಿಂದಿರುಗಿಸುವ ರೂಢಿಯಂತೆ, ಲಿಂಕಪ್ಪನೂ ಉಳಿದ ಊರುಗಳ ಲಿಂಕಪ್ಪಂದಿರೂ ಪರಸ್ಪರ ಕೊಂಡಿ ಹಾಕಿಕೊಂಡು ಅದರ ಲೆಕ್ಕವನ್ನು ನೋಟುಪುಸ್ತಕದಲ್ಲಿ ಇಡುತ್ತಾರೆ. ತುರ್ವಿಹಾಳದವನು ತನ್ನ ಕೊಂಡಿಯನ್ನು ಪುಟದ ಅಡಿಯಲ್ಲಿ ಹಾಕಿದನೆಂದು ಮುನಿಸಿಕೊಂಡು, ಅವನದನ್ನು ಇನ್ನೂ ಅಡಿಗೆ ಇಳಿಸಿದ ಪ್ರಸಂಗಗಳೂ ಉಂಟು. ಹೀಗೆ ಕೊಂಡಿ ಹಾಕಿಕೊಳ್ಳುವುದಕ್ಕಾಗಿಯೇ ಹುಟ್ಟಿದ ತಾಣಗಳ ಕೂಟಕ್ಕೆ ಲಿಂಕ್ ಫಾರ್ಮ್ ಎಂದು ಹೆಸರು. ಭತ್ತದ ಸೀಮೆಯಲ್ಲಿ ಬೆಳೆದವನಾದ್ದರಿಂದ ಅವನಿಗೆ ಈ ಹೆಸರು ಕೇಳಿ ಸಂತೋಷವೇ ಆಗಿತ್ತು.

ಒಂದೇ ಬರಹವನ್ನು ಹಲವೆಡೆ ಹಂಚುವ ಕಲೆಗೆ ಈ ನೆಲದಲ್ಲಿ ದೊಡ್ಡ ಪರಂಪರೆಯೇ ಇದೆ. ಸಾಮ್ರಾಟ ಅಶೋಕನು ಒಂದೇ ಕಿರುಶಾಸನದ ಪಠ್ಯವನ್ನು ಅಲ್ಪಸ್ವಲ್ಪ ಭೇದಗಳೊಡನೆ ಮಸ್ಕಿಯಲ್ಲಿಯೂ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಗಳಲ್ಲಿಯೂ, ದೂರದ ಬ್ರಹ್ಮಗಿರಿಯಲ್ಲಿಯೂ ಬಂಡೆಗಳ ಮೇಲೆ ಬರೆಸಿದನು. ಅವನ ಬಹುಪಾಲು ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಲ್ಲದೆ ಹೆಸರಿಲ್ಲವಾದ್ದರಿಂದ, 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡುಹಿಡಿದ ಶಾಸನದಲ್ಲಿ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರು ಸಿಕ್ಕುದು ಉಳಿದೆಲ್ಲ ಬಂಡೆಗಳ ಒಡೆತನವನ್ನು ಖಚಿತಪಡಿಸಿತು. ಇಡೀ ದೇಶದ ಬಂಡೆಗಳಿಗೆ ಮಸ್ಕಿಯ ಒಂದೇ ಸಾಕ್ಷಿ ಸಾಕಾಯಿತೆಂಬುದು ಇತಿಹಾಸಕಾರರ ಪಾಠ. ಲಿಂಕಪ್ಪ ಕಲಿತುದು ಮಾತ್ರ ಬೇರೆ. ಹೆಸರು ಹಾಕಲು ಮರೆತ ಸಾಮ್ರಾಟನ ಪಾಡು ತನಗೆ ಬಾರದಿರಲೆಂದು ಅವನು ಪ್ರತಿ ಪುಟದ ತಲೆಯಲ್ಲಿಯೂ ಬುಡದಲ್ಲಿಯೂ ತನ್ನ ಹೆಸರು, ಭಾವಚಿತ್ರ, ಮೊಬೈಲ್ ಸಂಖ್ಯೆಗಳನ್ನು ಹಾಕಿ, ಮಸ್ಕಿಯ ಬಗೆಗಿನ ವಿಕಿಪೀಡಿಯ ಲೇಖನದ ಅಡಿಯಲ್ಲಿಯೂ ತನ್ನ ಬ್ಲಾಗಿನ ಕೊಂಡಿಯನ್ನು ಸಿಕ್ಕಿಸಿ ಬರುತ್ತಾನೆ. ಅಲ್ಲಿನ ಸ್ವಯಂಸೇವಕರು ಅದನ್ನು ಅಳಿಸುತ್ತಾರೆ. ಅಳಿಸದೆ ಬಿಟ್ಟರೂ ಪ್ರಯೋಜನವಿಲ್ಲ. ಹುಡುಕುಯಂತ್ರವು ಇಂಥ ಕೊಂಡಿಯನ್ನು ಸಾಕ್ಷಿಯೆಂದು ಎಣಿಸಬಾರದೆಂದು ತಿಳಿಸುವ ನೋಫಾಲೋ ಎಂಬ ಗುರುತನ್ನು ಗೂಗಲ್ ಮತ್ತಿತರ ಕಂಪನಿಗಳು 2005ರಲ್ಲಿಯೇ ಜಾರಿಗೆ ತಂದಿದ್ದು, ವಿಕಿಪೀಡಿಯವು 2007ರಿಂದ ಹೊರತಾಣಗಳ ಕೊಂಡಿಗಳಿಗೆಲ್ಲ ಅದನ್ನು ಅಂಟಿಸುತ್ತ ಬಂದಿದೆ.

ಕೊನೆಗೆ ಅವನು ಕೊಂಡಿಗಳನ್ನು ಕೊಳ್ಳುತ್ತಾನೆ. ಟೆಲಿಗ್ರಾಮಿನಲ್ಲಿ ಚಿಲ್ಲರೆ ದುಡ್ಡಿಗೆ ಸಾವಿರ ಬ್ಯಾಕ್‌ಲಿಂಕ್ ಮಾರುವವರಿಂದ ಬಂದ ಸರಕನ್ನು ಬಿಚ್ಚಿ ನೋಡಿದಾಗ, ಗೊರೇಬಾಳದ ಬೆಳೆವಿಮೆಯ ಬರಹವನ್ನು ಯಾವ ಯಾವುದೋ ದೇಶದ ಜೂಜಿನ ತಾಣಗಳೂ ತೂಕ ಇಳಿಸುವ ಗುಳಿಗೆಯ ತಾಣಗಳೂ ಏಕಕಂಠದಿಂದ ಶಿಫಾರಸು ಮಾಡಿರುವುದು ಕಾಣುತ್ತದೆ. ಕೃತಕ ಕೊಂಡಿಗಳ ತಾಣಗಳನ್ನು ಕೆಳಗಿಳಿಸಲೆಂದೇ ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಪರಿಷ್ಕರಣೆಯನ್ನು ತಂದಿತ್ತು. ಲಿಂಕಪ್ಪನ ತಾಣವು ಮೊದಲೇ ಕೆಳಗಿದ್ದುದರಿಂದ ಅದಕ್ಕೆ ಹೆಚ್ಚೇನೂ ಪೆಟ್ಟಾಗುವುದಿಲ್ಲ.

ತುಂಗಭದ್ರಾ ಎಡದಂಡೆ ನಾಲೆಯ ಅಚ್ಚುಕಟ್ಟಿಗೆ ಸೇರಿದ ಲಿಂಕಪ್ಪನಾದರೆ ಅವನ ಬ್ಲಾಗಿನಲ್ಲಿ ಅಪ್ಪನ ಒತ್ತಾಯಕ್ಕೆ ಹಾಕಿದ ಒಂದು ಪುಟವೂ ಇರುತ್ತದೆ: ಯಾವ ಉಪಕಾಲುವೆಗೆ ಯಾವ ದಿನ ನೀರು ಬರುವುದೆಂಬ ಸರದಿಯ ಪಟ್ಟಿ. 227 ಕಿಲೋಮೀಟರ್ ಉದ್ದದ ಆ ನಾಲೆಯಲ್ಲಿ ಮೇಲಿನವರು ಎತ್ತಿಕೊಂಡು ಮಿಕ್ಕ ನೀರು ಕೆಳಗಿನವರ ಪಾಲಾಗುವುದರಿಂದ, ದಿನ ತಪ್ಪಿದವನ ಭತ್ತ ಒಣಗುತ್ತದೆ. ಅದರಲ್ಲಿ ಮೈಮರೆಸುವ ತಲೆಬರಹವಿಲ್ಲ, ತನಗದು ನಾಚಿಕೆಯೆಂದು ಲಿಂಕಪ್ಪ ಅದನ್ನು ಎಲ್ಲಿಯೂ ಹಂಚಿರುವುದಿಲ್ಲ. ಆದರೂ ರೈತರ ಗುಂಪುಗಳಲ್ಲಿ ಅದು ತಾನಾಗಿ ಓಡಾಡುತ್ತದೆ, ಗೊಬ್ಬರದಂಗಡಿಯವರು ತಮ್ಮ ತಾಣದಲ್ಲಿ ಕೇಳದೆಯೇ ಅದಕ್ಕೆ ಕೊಂಡಿ ಹಾಕುತ್ತಾರೆ, ಓದುಗರ ಸಂಖ್ಯೆ ದಿನದಿನಕ್ಕೆ ಏರುತ್ತದೆ. ಅಂಕಿಗಳನ್ನು ಕಂಡ ಲಿಂಕಪ್ಪನು, ಕೋರಾದ ಉತ್ತರಗಳೂ ಜೂಜಿನ ತಾಣಗಳೂ ಕಡೆಗೂ ಫಲ ಕೊಟ್ಟವೆಂದು ತೀರ್ಮಾನಿಸಿ, ಆ ಪುಟದ ತಲೆಯ ಮೇಲೆ ಗೃಹಲಕ್ಷ್ಮಿ, ಪಿಎಂ ಕಿಸಾನ್, ವಿಧವಾ ವೇತನಗಳ ಕೊಂಡಿಗಳನ್ನು ಪೇರಿಸಿ, ಸರದಿಯ ಪಟ್ಟಿಯನ್ನು ತನ್ನ ಶೈಲಿಗೆ ತಕ್ಕಂತೆ ಹದಿಮೂರನೆಯ ಸಾಲಿನ ಕೆಳಗೆ ಇಳಿಸುತ್ತಾನೆ. ಪಟ್ಟಿ ಕಾಣದ ರೈತರು ಕಾಲುವೆಯ ಗ್ಯಾಂಗ್‌ಮನ್‌ಗೆ ಫೋನ್ ಹಚ್ಚುತ್ತಾರೆ. ಉತ್ತರ ಹೇಳಿ ದಣಿದ ಅವನು ಹಳೆಯ ಪಟ್ಟಿಯ ಫೋಟೊವನ್ನೇ ಗುಂಪಿಗೆ ಹಾಕುತ್ತಾನೆ. ಫೋಟೊದಲ್ಲಿ ಒತ್ತಲು ಏನೂ ಇಲ್ಲದ್ದನ್ನು ಕಂಡು ಎಲ್ಲರೂ ನಿಟ್ಟುಸಿರುಬಿಡುವಷ್ಟರಲ್ಲಿ, ಅದರ ಕೆಳಗೆ ‘ಹೆಚ್ಚಿನ ಮಾಹಿತಿಗೆ’ ಎಂಬ ಒಕ್ಕಣೆಯೊಡನೆ ನೀಲಿ ಬಣ್ಣದ ಸಾಲೊಂದು ಬಂದು ಬೀಳುತ್ತದೆ.