ಲಂಡನ್ ತಪ್ಪಿದ ಅಂಗಿಯ ಸಂದರ್ಶನ

ಗೊರಗುಂಟೆಪಾಳ್ಯದಲ್ಲಿ ತುಮಕೂರು ಬಸ್ಸಿಗೆ ಕಾಯುವವರು ಬಸ್ ಬರುವತನಕ ಫುಟ್‌ಪಾತಿನ ಅಂಗಿ ಗುಡ್ಡೆಗೆ ಕೈ ಹಾಕುವುದು ರೂಢಿ. 'ಎಕ್ಸ್‌ಪೋರ್ಟ್ ಸರ್‌ಪ್ಲಸ್, ಯಾವುದ್ ತಗೊಂಡ್ರೂ ಇನ್ನೂರು' ಎಂದು ಅಂಗಡಿಯಾತ ಕೂಗುತ್ತಿದ್ದ. ಆ ಗುಡ್ಡೆಯ ತಳದಿಂದ ತಿಳಿನೀಲಿ ಅಂಗಿಯೊಂದು ನಮ್ಮ ಪತ್ರಿಕೆಯ ಜೊತೆ ಮಾತನಾಡಲು ಒಪ್ಪಿತು. ಕಾಲರ್ ಒಳಗಿನ ಲೇಬಲ್ಲನ್ನು ಯಾರೋ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದ್ದರು. ಉಳಿದ ಅರ್ಧದಲ್ಲಿ 'ಲಂಡ' ಎಂದಷ್ಟೇ ಇತ್ತು. ಬ್ರಿಟನ್ನಿನ ಕನ್ಸರ್ವೇಟಿವ್ ಪ್ರಧಾನಿಗಳ ಒಳಾಡಳಿತ, ವಿದೇಶಾಂಗ ನೀತಿ ಎರಡರ ಬಗ್ಗೆಯೂ ಅಂಗಿಗೆ ಅಭಿಪ್ರಾಯಗಳಿದ್ದವು. ಸಂಪಾದಿತ ಭಾಗ ಇಲ್ಲಿದೆ.

ತಮ್ಮ ಪರಿಚಯ?

ಹುಟ್ಟಿದ್ದು ಇಲ್ಲೇ ಪೀಣ್ಯದ ಕಡೆ, ಒಂದು ಗಾರ್ಮೆಂಟ್ಸ್‌ನಲ್ಲಿ. ಕಾಲರ್ ಹಾಕಿದವರು ಶಿರಾದವರು, ತೋಳು ಕೂಡಿಸಿದವರು ಗುಬ್ಬಿಯವರು, ಕಾಜಾ ಹೊಡೆದದ್ದು ಒಡಿಶಾದ ಹುಡುಗಿ. ಸೂಪರ್‌ವೈಸರ್ ಬೈಗುಳ ಮಾತ್ರ ಅಪ್ಪಟ ಬೆಂಗಳೂರಿನದು. ಲಂಡನ್ನಿಗೆ ಹೋಗಬೇಕಿತ್ತು. ಕಾಲರ್ ತುದಿ ನೂಲಿನಷ್ಟು ಓರೆ ಅಂತ ಚೆಕರ್ ಅಕ್ಕ ರಿಜೆಕ್ಟ್ ಡಬ್ಬಕ್ಕೆ ಹಾಕಿಬಿಟ್ಟರು. ಜೊತೆಯವರೆಲ್ಲ ಚೆನ್ನೈ ಬಂದರಿನಲ್ಲಿ ಕಂಟೇನರ್ ಹತ್ತಿದರು, ನಾನು ಫುಟ್‌ಪಾತಿಗೆ ಇಳಿದೆ.

ಲಂಡನ್ನೇ ನೋಡದವರು ಬ್ರಿಟಿಷ್ ರಾಜಕೀಯ ಮಾತಾಡಬಹುದೇ?

2022ರ ಅಕ್ಟೋಬರ್‌ನಲ್ಲಿ ನೀವೆಲ್ಲ ಮಾತಾಡಲಿಲ್ಲವೇ? ಅಕ್ಟೋಬರ್ 24, ದೀಪಾವಳಿ. ಅವತ್ತೇ ರಿಷಿ ಸುನಕ್ ಕನ್ಸರ್ವೇಟಿವ್ ಪಕ್ಷದ ನಾಯಕ ಆದರು, ಮರುದಿನ ಪ್ರಧಾನಿ. 'ಬೆಂಗಳೂರಿನ ಅಳಿಯ ಬ್ರಿಟನ್ ದೊರೆ' ಅಂತ ಇಡೀ ಊರು ಬೀಗಿತು. ನಮ್ಮ ಸಂಬಂಧ ಅಷ್ಟು ದೂರದ್ದಲ್ಲ. ಅಲ್ಲಿ ಪೌಂಡ್ ಬಿದ್ದರೆ ಇಲ್ಲಿ ಆರ್ಡರ್ ಕಮ್ಮಿ ಆಗುತ್ತೆ, ಓಟಿ ನಿಲ್ಲುತ್ತೆ. ಆ ತಿಂಗಳು ಮನೆಯಲ್ಲಿ ಚೀಟಿ ಕಟ್ಟೋದು ತಪ್ಪುತ್ತೆ. ನಿಮ್ಮ ಟೀವಿ ಚರ್ಚೆಗಿಂತ ನಮ್ಮ ಲೈನಿಗೆ ಬ್ರಿಟನ್ ಹತ್ತಿರ.

ಆದರೂ ಅಳಿಯ ನಮ್ಮವರೇ ತಾನೇ?

ಅಳಿಯಂದಿರಿಗೆ ಮಾವನ ಮನೆಯಲ್ಲಿ ಹೋಳಿಗೆ ತುಪ್ಪ, ಸರಿ. ಮಾವನ ಊರಿನವರಿಗೆ ಅಳಿಯನ ಊರಲ್ಲಿ ಏನು ಸಿಕ್ಕಿತು ನೋಡೋಣ. ಸುನಕ್ ಹುಟ್ಟಿದ್ದು ಸೌತಾಂಪ್ಟನ್‌ನಲ್ಲಿ. ತಂದೆ ಕೀನ್ಯಾದಲ್ಲಿ ಹುಟ್ಟಿದವರು, ತಾಯಿ ಟಾಂಗನೀಕಾದಲ್ಲಿ. ನಾರಾಯಣ ಮೂರ್ತಿ, ಸುಧಾ ಮೂರ್ತಿಯವರ ಮಗಳು ಅಕ್ಷತಾ ಸಿಕ್ಕಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ಮದುವೆ 2009ರಲ್ಲಿ ಬೆಂಗಳೂರಿನಲ್ಲಿ. ಇಷ್ಟು ಗಡಿ ದಾಟಿದ ಮನೆತನದ ಪ್ರಧಾನಿ ಏನು ಮಾಡಿದರು? ಬ್ರಿಟನ್ನಿನ ಪ್ರಜೆ ಪರದೇಶದ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ದುಡೀಬೇಕು ಅಂತ ಮೊದಲೇ ನಿಯಮ ಇತ್ತು. 2024ರ ಏಪ್ರಿಲ್ 11ರಿಂದ ಅದನ್ನ 29,000ಕ್ಕೆ ಏರಿಸಿದರು. ಅಳಿಯನ ಸರ್ಕಾರವೇ ಬೇರೆಯವರ ಮನೆ ಅಳಿಯ ಸೊಸೆಯರಿಗೆ ಅಳತೆ ಪಟ್ಟಿ ಹಿಡೀತು. ಜಾತಕ ಕೂಡಿದರೆ ಸಾಲದು, ಸ್ಯಾಲರಿ ಸ್ಲಿಪ್ಪೂ ಕೂಡಬೇಕು.

ಓದಲು ಹೋಗುವ ನಮ್ಮ ಮಕ್ಕಳಿಗೆ?

2024ರ ಜನವರಿಯಿಂದ ಮಾಸ್ಟರ್ಸ್ ಓದುವವರಲ್ಲಿ ಹೆಚ್ಚಿನವರು ಗಂಡ, ಹೆಂಡತಿ, ಮಕ್ಕಳನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಮಾರ್ಚ್ 11ರಿಂದ ವಯಸ್ಸಾದವರನ್ನ ನೋಡಿಕೊಳ್ಳೋ ಕೆಲಸಕ್ಕೆ ಹೊಸದಾಗಿ ಹೋಗುವವರಿಗೂ ಅದೇ ಮಾತು ಬಂತು. ಅವರ ಅಜ್ಜಿಯನ್ನ ನೀವು ನೋಡಿಕೊಳ್ಳಿ, ನಿಮ್ಮ ಮಗುವನ್ನ ಊರಲ್ಲಿ ಬಿಟ್ಟು ಬನ್ನಿ. ಆಸ್ಪತ್ರೆ ಹೆಸರಲ್ಲಿ ವಲಸಿಗರು ಮುಂಗಡ ಕಟ್ಟುವ ಸರ್‌ಚಾರ್ಜ್ ವರ್ಷಕ್ಕೆ 624 ಪೌಂಡ್ ಇದ್ದದ್ದು ಫೆಬ್ರವರಿಯಲ್ಲೇ 1,035 ಆಗಿತ್ತು. ಅಳಿಯ ಬಂದರೆ ವೀಸಾ ಸಲೀಸು ಅಂತ ಇಲ್ಲಿ ಕೆಲವರು ಲಗೇಜ್ ತೂಕ ಹಾಕಿಸಿಕೊಂಡು ಕೂತಿದ್ದರು.

ತೆರಿಗೆ ವಿಷಯದಲ್ಲಾದರೂ ಅಳಿಯ ಶಿಸ್ತಿನವರು ಎನ್ನುತ್ತಾರೆ.

ಶಿಸ್ತು ಯಾರ ಮೇಲೆ ಅನ್ನೋದು ಮುಖ್ಯ. 2022ರ ಏಪ್ರಿಲ್ 6, ಅವರು ಹಣಕಾಸು ಮಂತ್ರಿ. ದುಡಿಯುವವರ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಶೇಕಡ 1.25 ಅಂಶ ಮೇಲೆ ಹೋಯಿತು. ಅದೇ ವಾರ ಅವರ ಮನೆಯವರಿಗೆ 'ನಾನ್-ಡಾಮ್' ಸ್ಥಾನ ಇದೆ, ಬ್ರಿಟನ್ ಹೊರಗಿನ ಆದಾಯಕ್ಕೆ ಅಲ್ಲಿ ತೆರಿಗೆ ಕಟ್ಟಬೇಕಿಲ್ಲ ಅನ್ನೋದು ಹೊರಬಿತ್ತು. ಕಾನೂನಿನಲ್ಲಿ ತಪ್ಪೇನಿಲ್ಲ. ಎರಡು ದಿನಕ್ಕೆ ಅಕ್ಷತಾ ತಾವಾಗಿಯೇ ಆ ತೆರಿಗೆ ಕಟ್ಟುತ್ತೇನೆ ಅಂದರು. ನಮ್ಮ ಗಾರ್ಮೆಂಟ್ಸ್‌ನಲ್ಲಿ ಹೀಗೆ ತಾವಾಗಿಯೇ ಕಟ್ಟೋ ಅವಕಾಶ ಯಾರಿಗೂ ಇಲ್ಲ, ಪಿಎಫ್ ಸಂಬಳ ಕೈಗೆ ಬರೋ ಮುಂಚೆ ಹೋಗಿರುತ್ತೆ.

ಪಿಎಫ್ ಅಂದಿರಿ. ಅದಕ್ಕೂ ಬ್ರಿಟನ್ನಿಗೂ ಏನು ನಂಟು?

ಇಸವಿಯ ನಂಟು. 2016ರ ಏಪ್ರಿಲ್‌ನಲ್ಲಿ ಮಾಲೀಕರ ಪಾಲಿನ ಪಿಎಫ್ ದುಡ್ಡನ್ನ 58 ವರ್ಷದ ತನಕ ತೆಗೆಯೋ ಹಾಗಿಲ್ಲ ಅನ್ನೋ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗೆ ಇಳಿದರು. ಹೊಸೂರು ರಸ್ತೆ, ಜಾಲಹಳ್ಳಿ ಕ್ರಾಸ್, ಈ ತುಮಕೂರು ರಸ್ತೆ ಎಲ್ಲ ನಿಂತುಹೋಯಿತು. ಕಲ್ಲು, ಲಾಠಿ, ಅಶ್ರುವಾಯು ಎಲ್ಲವೂ ಆಯಿತು. ಕರೆ ಕೊಟ್ಟ ನಾಯಕರಿಲ್ಲ, ಪ್ರಣಾಳಿಕೆ ಇಲ್ಲ. ಏಪ್ರಿಲ್ 18ಕ್ಕೆ ಶುರು, 19ರ ಸಂಜೆಗೆ ಕೇಂದ್ರ ನಿಯಮ ವಾಪಸ್. ಅದೇ ವರ್ಷ ಜೂನ್ 23ಕ್ಕೆ ಡೇವಿಡ್ ಕ್ಯಾಮರಾನ್ ತಮ್ಮ ಪಕ್ಷದ ಒಳಜಗಳ ಬಗೆಹರಿಸೋಕೆ ಇಡೀ ದೇಶಕ್ಕೆ ಜನಮತ ಇಟ್ಟರು. ಶೇಕಡ 52 ಜನ ಯೂರೋಪ್ ಒಕ್ಕೂಟ ಬೇಡ ಅಂದರು. ಬಾಗಿಲು ದಾಟೋ ಹೊತ್ತಿಗೆ 2020ರ ಜನವರಿ 31. ನಡುವೆ ಥೆರೇಸಾ ಮೇ ಬಂದು ಹೋದರು. ದೇಶ ಆಳೋದು ಯಾರಿಗೆ ಗೊತ್ತು ಅಂತ ನನ್ನನ್ನ ಕೇಳಿದರೆ, ಎರಡು ದಿನದಲ್ಲಿ ಕೆಲಸ ಮುಗಿಸಿದವರ ಕಡೆ ನಾನು.

ನಡುವೆ 49 ದಿನದ ಪ್ರಧಾನಿಯೂ ಬಂದಿದ್ದರಲ್ಲ?

ಲಿಜ್ ಟ್ರಸ್. ನಮ್ಮ ಒಂದು ಶಿಪ್‌ಮೆಂಟ್‌ಗಿಂತ ಸ್ವಲ್ಪ ಹೆಚ್ಚು ಕಾಲ ಇದ್ದರು. 2022ರ ಸೆಪ್ಟೆಂಬರ್ 23ಕ್ಕೆ ಅವರ ಸರ್ಕಾರ 45 ಬಿಲಿಯನ್ ಪೌಂಡ್ ತೆರಿಗೆ ಕಡಿತ ಘೋಷಿಸಿತು, ದುಡ್ಡು ಎಲ್ಲಿಂದ ಅಂತ ಹೇಳಲಿಲ್ಲ. ಮೂರು ದಿನಕ್ಕೆ ಪೌಂಡ್ ಡಾಲರ್ ಎದುರು ಹಿಂದೆಂದೂ ಕಾಣದ ತಳ ಕಂಡಿತು. ಪಿಂಚಣಿ ನಿಧಿಗಳು ಅಲ್ಲಾಡಿ ಬ್ಯಾಂಕ್ ಆಫ್ ಇಂಗ್ಲೆಂಡ್ ಕೈಹಿಡಿಯಬೇಕಾಯಿತು. ಅಲ್ಲಿನ ಒಂದು ಪತ್ರಿಕೆ ಲೆಟಿಸ್ ಸೊಪ್ಪಿನ ಗಡ್ಡೆ ಮುಂದೆ ಕ್ಯಾಮೆರಾ ಇಟ್ಟು, ಮೊದಲು ಬಾಡೋದು ಯಾರು ಅಂತ ಕೇಳಿತು. ಸೊಪ್ಪು ಗೆದ್ದಿತು. ಪಕ್ಕದ ಯಶವಂತಪುರದ ಮಾರ್ಕೆಟ್ಟಿನಲ್ಲಿ ಸೊಪ್ಪಿಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿಲ್ಲ.

ರುವಾಂಡಾ ಯೋಜನೆ ಬಗ್ಗೆ ಏನಂತೀರಿ?

ಅದು ನಮ್ಮ ರಿಜೆಕ್ಟ್ ಡಬ್ಬದ ತತ್ವ. ಆಶ್ರಯ ಕೇಳಿ ದೋಣಿಯಲ್ಲಿ ಬ್ರಿಟನ್ನಿಗೆ ಬಂದವರನ್ನ ರುವಾಂಡಾ ದೇಶದ ಲೆಕ್ಕಕ್ಕೆ ತಳ್ಳೋದು. 2022ರ ಏಪ್ರಿಲ್‌ನಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಶುರು ಮಾಡಿದ್ದು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ರುವಾಂಡಾ ಅವರಿಗೆ ಸುರಕ್ಷಿತ ಅಲ್ಲ, ಕಾನೂನುಬಾಹಿರ ಅಂದಿತು. ಸುನಕ್ ಸರ್ಕಾರ ಏನು ಮಾಡಿತು ಗೊತ್ತೇ? ರುವಾಂಡಾ ಸುರಕ್ಷಿತ ದೇಶ ಅಂತ ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಪಾಸು ಮಾಡಿತು. ನನ್ನ ಕಾಲರ್ ನೆಟ್ಟಗಿದೆ ಅಂತಲೂ ಒಂದು ಕಾಯ್ದೆ ಮಾಡಿದ್ದರೆ ನಾನು ಈಗ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಇರ್ತಿದ್ದೆ. ಕಡೆಗೆ 70 ಕೋಟಿ ಪೌಂಡ್ ಖರ್ಚಾಯಿತು ಅಂತ ಮುಂದಿನ ಸರ್ಕಾರ ಲೆಕ್ಕ ಕೊಟ್ಟಿತು. ಹೋದವರು ನಾಲ್ಕು ಜನ, ಅವರೂ ತಾವಾಗಿ ಒಪ್ಪಿ ಹೋದವರು. ಈ ಯೋಜನೆ ಹೊತ್ತು ಮೆರೆಸಿದ ಗೃಹಮಂತ್ರಿಗಳು ಯಾರು? ಪ್ರೀತಿ ಪಟೇಲ್, ತಂದೆ ತಾಯಿ ಉಗಾಂಡಾದಿಂದ ಬಂದವರು. ಸುಯೆಲ್ಲಾ ಬ್ರೇವರ್ಮನ್, ತಂದೆ ಕೀನ್ಯಾದಿಂದ, ತಾಯಿ ಮಾರಿಷಸ್‌ನಿಂದ. ಮೊದಲ ಸೀಟು ಹಿಡಿದವರೇ ಬಸ್ಸಿನ ಬಾಗಿಲಲ್ಲಿ ನಿಂತು 'ಜಾಗ ಇಲ್ಲ, ಹಿಂದಿನದು ಬರ್ತಾ ಇದೆ' ಅಂತ ಕೂಗೋದನ್ನ ನಾನು ಇಲ್ಲಿ ದಿನಾ ನೋಡ್ತೀನಿ.

ಗೊರಗುಂಟೆಪಾಳ್ಯದಲ್ಲಿ ನಿಂತು ರಸ್ತೆ ವಿಷಯ ಮಾತಾಡದಿದ್ದರೆ ಹೇಗೆ? ಕಟ್ಟೋದರಲ್ಲಾದರೂ ಅವರು ಮುಂದೆ ಅಲ್ಲವೇ?

ಲಂಡನ್ನಿನಿಂದ ಮ್ಯಾಂಚೆಸ್ಟರ್‌ಗೆ ಹೈಸ್ಪೀಡ್ ರೈಲು ಅಂದಿದ್ದರು. 2023ರ ಅಕ್ಟೋಬರ್ 4ಕ್ಕೆ ಸುನಕ್ ಆ ಮಾರ್ಗದಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಮ್ಯಾಂಚೆಸ್ಟರ್‌ವರೆಗಿನ ಭಾಗ ರದ್ದು ಮಾಡಿದರು. ಘೋಷಿಸಿದ್ದು ಮ್ಯಾಂಚೆಸ್ಟರ್‌ನಲ್ಲೇ, ಹಳೇ ರೈಲ್ವೆ ನಿಲ್ದಾಣವನ್ನ ಸಭಾಂಗಣ ಮಾಡಿದ್ದ ಜಾಗದಲ್ಲಿ. ಇಲ್ಲಿ ನಮ್ಮ ತಲೆ ಮೇಲಿನ ಪೀಣ್ಯ ಫ್ಲೈಓವರ್ ಕೇಬಲ್ ಕೆಟ್ಟು 2021ರ ಡಿಸೆಂಬರ್‌ನಲ್ಲಿ ಬಂದ್ ಆಯಿತು. ಲಾರಿ ಬಸ್ಸು ಮತ್ತೆ ಹತ್ತಿದ್ದು 2024ರ ಜುಲೈ ಕೊನೆಗೆ. ಅವರು ಕಟ್ಟೋ ಮುಂಚೆ ನಿಲ್ಲಿಸ್ತಾರೆ, ನಾವು ಕಟ್ಟಿ ಆದಮೇಲೆ ನಿಲ್ಲಿಸ್ತೀವಿ. ಸಿಮೆಂಟಿನ ಲೆಕ್ಕದಲ್ಲಿ ಅವರೇ ಜಾಣರು.

ವಿದೇಶಾಂಗ ನೀತಿಗೆ ಬರೋಣ.

ನನಗೆ ವಿದೇಶಾಂಗ ನೀತಿ ಅಂದರೆ ಹಡಗಿನ ದಾರಿ. ಉಕ್ರೇನಿಗೆ ಟ್ಯಾಂಕ್ ಕೊಟ್ಟ ವಿಷಯ ದೊಡ್ಡವರು ಮಾತಾಡಲಿ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದರು. 2024ರ ಜನವರಿಯಲ್ಲಿ ಅಮೆರಿಕದ ಜೊತೆ ಸೇರಿ ಬ್ರಿಟನ್ ಯೆಮೆನ್ ಮೇಲೆ ಬಾಂಬ್ ಹಾಕಿತು. ಆಮೇಲೂ ಕಂಟೇನರ್ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿಕೊಂಡೇ ಹೋದವು. ಸುಮಾರು ಎರಡು ವಾರ ಜಾಸ್ತಿ. ಅಲ್ಲಿ ತಡ ಆದ ಎರಡು ವಾರವನ್ನ ಇಲ್ಲಿ ಟಾರ್ಗೆಟ್ ಏರಿಸಿ ಟೈಲರ್‌ಗಳ ಕೈಯಿಂದ ತೆಗೀತಾರೆ. ಬಾಂಬ್ ಸದ್ದು ಪೀಣ್ಯದಲ್ಲಿ ಕೇಳೋದು ಹಾಗೆ.

ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದ ಬೇಗ ಆಗಿದ್ದರೆ ನಿಮಗೂ ಅನುಕೂಲ ಆಗ್ತಿತ್ತಲ್ಲ?

ಬೋರಿಸ್ ಜಾನ್ಸನ್ 2022ರ ಏಪ್ರಿಲ್‌ನಲ್ಲಿ ಬಂದು, ಗುಜರಾತಿನಲ್ಲಿ ಜೆಸಿಬಿ ಮೇಲೆ ನಿಂತು ಕೈ ಬೀಸಿ, ದೀಪಾವಳಿ ಹೊತ್ತಿಗೆ ಒಪ್ಪಂದ ಅಂದರು. ಯಾವ ದೀಪಾವಳಿ ಅಂತ ಯಾರೂ ಕೇಳಲಿಲ್ಲ. ಆ ಹಬ್ಬಕ್ಕೆ ಒಪ್ಪಂದ ಬರಲಿಲ್ಲ, ಹೊಸ ಪ್ರಧಾನಿ ಬಂದರು. ಆಗ ಬಾಂಗ್ಲಾದೇಶದ ಅಂಗಿಗೆ ಬ್ರಿಟನ್ನಿನಲ್ಲಿ ಸುಂಕ ಇರಲಿಲ್ಲ, ನಮಗೆ ಶೇಕಡ 12ರ ತನಕ ಇತ್ತು. ಇದೇ ಪಕ್ಷದ ಹಳೇ ಕಥೆ ಹೇಳಲಾ?

ಹೇಳಿ.

ಡಿಸ್ರೇಲಿ ಪ್ರಧಾನಿ, ಅವರು ಕಳಿಸಿದ ಲಿಟ್ಟನ್ ಇಲ್ಲಿ ವೈಸರಾಯ್. ಧಾತು ಈಶ್ವರ ಸಂವತ್ಸರದ ಬರ. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಕೈಯಲ್ಲಿ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದರು. ಬರದ ನಡುವೆಯೇ, 1877ರ ಜನವರಿ 1ಕ್ಕೆ, ವಿಕ್ಟೋರಿಯಾಗೆ ಚಕ್ರವರ್ತಿನಿ ಪಟ್ಟ ಘೋಷಿಸೋಕೆ ದೆಹಲಿಯಲ್ಲಿ ದರ್ಬಾರು. ಬರ ಮುಗಿದು ಖಜಾನೆ ಬರಿದಾಗಿದ್ದಾಗ, ಆಫ್ಘನ್ ಯುದ್ಧವೂ ನಡೀತಿದ್ದಾಗ, 1879ರಲ್ಲಿ ಲಿಟ್ಟನ್ ತಮ್ಮ ಕೌನ್ಸಿಲ್‌ನ ಬಹುಮತ ಬದಿಗೊತ್ತಿ ಒಂದು ಉಪಕಾರ ಮಾಡಿದರು. ಮ್ಯಾಂಚೆಸ್ಟರ್ ಕಡೆಯಿಂದ ಬರೋ ಒರಟು ಹತ್ತಿ ಬಟ್ಟೆ ಮೇಲಿನ ಸುಂಕ ತೆಗೆದುಹಾಕಿದರು. ಅವರ ಬಟ್ಟೆ ಇಲ್ಲಿಗೆ ಬರೋವಾಗ ಮುಕ್ತ ವ್ಯಾಪಾರ. ನಮ್ಮ ಬಟ್ಟೆ ಅಲ್ಲಿಗೆ ಹೋಗೋವಾಗ ಮಾತುಕತೆ, ಹದಿಮೂರು ಹದಿನಾಲ್ಕು ಸುತ್ತು.

2024ರಲ್ಲಿ ಕನ್ಸರ್ವೇಟಿವ್ ಪಕ್ಷ ಸೋತಾಗ ನಿಮಗೆ ಏನನ್ನಿಸಿತು?

ಮೇ 22ಕ್ಕೆ ಸುನಕ್ ಚುನಾವಣೆ ಘೋಷಿಸಿದ್ದು ಮಳೆಯಲ್ಲಿ, ಕೊಡೆ ಇಲ್ಲದೆ. ನನಗೆ ಆ ಸೂಟಿನ ಮೇಲೆ ಕನಿಕರ ಬಂತು. ದುಬಾರಿ ಬಟ್ಟೆ ಅಷ್ಟು ನೆನೆದರೆ ಇಸ್ತ್ರಿಗೂ ಬಗ್ಗಲ್ಲ. ಜುಲೈ 4ರ ಮತದಾನದಲ್ಲಿ ಪಕ್ಷ 121 ಸೀಟಿಗೆ ಕುಸಿಯಿತು. ನವೆಂಬರ್‌ನಲ್ಲಿ ಅಳಿಯ ಜಯನಗರದ ರಾಯರ ಮಠಕ್ಕೆ ಬಂದು ಹೋದರು. ಮಾಜಿ ಪ್ರಧಾನಿಗೆ ವೀಸಾ ಸಲೀಸು.

ಈಗ ಲೇಬರ್ ಸರ್ಕಾರ. ಬಡವರ ಪಕ್ಷ. ಬದಲಾವಣೆ ಕಾಣ್ತಿದೆಯೇ?

ರುವಾಂಡಾ ಯೋಜನೆ ಕೈಬಿಟ್ಟರು, ಒಪ್ಪಿದೆ. 29,000 ಪೌಂಡಿನ ನಿಯಮ ಹಾಗೇ ಉಳಿಸಿಕೊಂಡರು. ಪ್ರಧಾನಿ ಸ್ಟಾರ್ಮರ್ 2025ರ ಮೇನಲ್ಲಿ, ದೇಶ 'ಅಪರಿಚಿತರ ದ್ವೀಪ' ಆಗೋ ಅಪಾಯ ಇದೆ ಅಂದರು, ಆಮೇಲೆ ಹಾಗನ್ನಬಾರದಿತ್ತು ಅಂದರು. 2025ರ ಜುಲೈ 22ಕ್ಕೆ, ವಯಸ್ಸಾದವರನ್ನ ನೋಡಿಕೊಳ್ಳೋಕೆ ಹೊರದೇಶದಿಂದ ಹೊಸಬರನ್ನ ಕರೆಸೋದೇ ನಿಲ್ಲಿಸಿದರು. ಜುಲೈ 24ಕ್ಕೆ ಭಾರತದ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು, ನಮ್ಮ ಸರಕಿನ ಶೇಕಡ 99ಕ್ಕೆ ಸುಂಕ ಇಲ್ಲ ಅಂತ. ನೋಡಿ, ಒಂದೇ ವಾರ. ಹೊಲಿಯೋ ಕೈ ಬೇಡ, ಹೊಲಿದ ತೋಳು ಬರಲಿ. ಇದರಲ್ಲಿ ಕನ್ಸರ್ವೇಟಿವ್ ಯಾವುದು, ಲೇಬರ್ ಯಾವುದು ಅಂತ ನನಗಂತೂ ಗೊತ್ತಾಗಲ್ಲ, ನಮ್ಮ ಗುಡ್ಡೆಯಲ್ಲಿ ಎಲ್ಲರ ಲೇಬಲ್ಲೂ ಕತ್ತರಿಸಿರ್ತಾರೆ.

ಹಾಗಾದರೆ ಮುಂದಿನ ಸಲ ನಮ್ಮೂರ ನಂಟಿನವರು ಅಲ್ಲಿ ಪ್ರಧಾನಿ ಆದರೆ ಪಟಾಕಿ ಹೊಡೆಯಬಾರದೇ?

ಹೊಡೀರಿ. ಆದರೆ ಮೊದಲು ನಮ್ಮ ಲೈನಿನ ಯಾರಿಗಾದರೂ ಒಂದು ವೀಸಾ ಕೊಡಿಸಿ ನೋಡಿ. ಸಿಕ್ಕಿದರೆ ಪಟಾಕಿ ದುಡ್ಡು ನಾವೇ ಚೀಟಿ ಹಾಕಿ ಕೊಡ್ತೀವಿ.

ಬಸ್ ಬಂತು. ಅಂದಹಾಗೆ, ನಿಮ್ಮನ್ನ ನೂರೈವತ್ತಕ್ಕೆ ಕೊಡ್ತಾರಾ?

ನೀವೂ ಒಪ್ಪಂದ ಮಾಡ್ಕೊಳ್ಳೋಕೇ ಬಂದಿದ್ದು ಅನ್ನಿ! ಅಂಗಡಿಯವರನ್ನ ಕೇಳಿ. ಒಂದು ಮಾತು ಮೊದಲೇ ಹೇಳ್ತೀನಿ: ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿ ಒಗೀರಿ. ನನ್ನ ನೀಲಿ ಸ್ವಲ್ಪ ಬಿಡುತ್ತೆ, ಪಕ್ಕದಲ್ಲಿ ಯಾರಿದ್ದರೂ ಅವರಿಗೆ ಅಂಟುತ್ತೆ.