ಗೃಹರಕ್ಷಾ ತಂತ್ರಸಾರ: ಹೊಸಪೇಟೆ ಸೀಮೆಯ ಮನೆ, ಗ್ಯಾಸು ಮತ್ತು ಒಟಿಪಿ ಕುರಿತ ಮಹಾಪ್ರಬಂಧದ ಅಲ್ಪಭಾಗ

ಪೀಠಿಕೆ

ವಿಘ್ನನಿವಾರಕನಿಗೆ ಮೊದಲ ನಮಸ್ಕಾರ. ಹಂಪಿಯಲ್ಲಿ ಆತ ಸಾಸಿವೆಕಾಳು, ಕಡಲೆಕಾಳು ಎಂದು ಎರಡು ಕಡೆ ಕೂತಿರುವುದರಿಂದ ನಮಸ್ಕಾರವೂ ಎರಡು. ಸುಮಾರು 15 ಅಡಿ ಎತ್ತರದ ಏಕಶಿಲೆಯ ಗಣಪನಿಗೆ ಕಡಲೆಕಾಳು ಎನ್ನುವ ಜನ ಮನೆಯೊಳಗಿನ ಅಪಾಯವನ್ನು ಯಾವ ಕಾಳಿಗೆ ಹೋಲಿಸಿಯಾರು ಎಂಬ ಶಂಕೆಯಿಂದಲೇ ಈ ಸಂಶೋಧನೆ ಹುಟ್ಟಿತು.

ಅಧ್ಯಯನದ ವ್ಯಾಪ್ತಿ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಮೊದಲೆರಡು ಅತ್ತ ಹೋದವು, ಉಳಿದೆರಡು ಬಳ್ಳಾರಿಯಲ್ಲೇ ನಿಂತವು. ಈ ವಿಭಜನೆಯನ್ನು ವಂಚಕರು ಈವರೆಗೆ ಮಾನ್ಯ ಮಾಡಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅವರ ಜೊತೆ ಸಹಮತ ಹೊಂದಿದಂತಿದೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಸರಹದ್ದು ನಮ್ಮದಲ್ಲ ಎಂದು ವಾಪಸು ಕಳಿಸುವಂತಿಲ್ಲ.

ಮಿತಿಗಳು: ದರೋಜಿಯ ಕರಡಿಗಳನ್ನು ಅಧ್ಯಯನದಿಂದ ಕೈಬಿಡಲಾಗಿದೆ. ಕರಡಿ ಇದುವರೆಗೆ ಯಾರ ಕೆವೈಸಿಯನ್ನೂ ಕೇಳಿದ ದಾಖಲೆಯಿಲ್ಲ. ಹಂಪಿಯ ಮಂಗಗಳನ್ನೂ ಬಿಟ್ಟಿದ್ದೇವೆ. ಅವು ಹಾಡುಹಗಲೇ ಮುಖ ತೋರಿಸಿ ಬಾಳೆಹಣ್ಣು ಕಿತ್ತುಕೊಳ್ಳುತ್ತವೆ. ಅದು ದರೋಡೆಯೇ ಹೊರತು ವಂಚನೆಯಲ್ಲ.

ಪೂರ್ವಪಕ್ಷ

ಗೃಹರಕ್ಷೆಯ ವಿಷಯದಲ್ಲಿ ಈ ಸೀಮೆಯಲ್ಲಿ ಮೂರು ದರ್ಶನಗಳು ಪ್ರಚಲಿತವಾಗಿವೆ. ‘ದೇವರಿದ್ದಾನೆ’ ದರ್ಶನದವರು ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ದೇವರ ಮನೆಯಲ್ಲಿ ಪ್ಲಾಸ್ಟಿಕ್ ಹೂವಿನ ಹಾರದ ಪಕ್ಕ ದೀಪ ಹಚ್ಚಿ, ಬೀಗದ ಕೈಯನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿಟ್ಟು ಜಾತ್ರೆಗೆ ಹೋಗುತ್ತಾರೆ. ಕೈ ಅಲ್ಲಿದೆ ಎಂಬುದು ಪರಮ ರಹಸ್ಯ. ಹಾಲಿನವನಿಗೂ ಪೇಪರಿನವನಿಗೂ ಮಾತ್ರ ಗೊತ್ತು. ‘ಗ್ರೂಪಿನ್ಯಾಗ ಬಂದೈತಿ’ ದರ್ಶನದವರಿಗೆ ಶಬ್ದವೇ ಪ್ರಮಾಣ, ಅದರಲ್ಲೂ ಫಾರ್ವರ್ಡ್ ಆದ ಶಬ್ದ ಪರಮ ಪ್ರಮಾಣ.

ಹೆಚ್ಚು ಅನುಯಾಯಿಗಳಿರುವುದು ಮೂರನೆಯದಕ್ಕೆ: ‘ಏನಾಗ್ತೈತಿ ಬಿಡು’ ದರ್ಶನ. ಇದರ ಆಚಾರಗಳು ಹಲವು. ಮೂರು ಪಿನ್ನಿನ ಪ್ಲಗ್ಗು ಎರಡು ತೂತಿನಲ್ಲಿ ಕೂರದಿದ್ದರೆ ಅರ್ಥಿಂಗ್ ಪಿನ್ನು ಮುರಿಯುವುದು. ಬಕೆಟ್ಟಿನಲ್ಲಿ ಹೀಟರ್ ರಾಡ್ ಇಳಿಬಿಟ್ಟು, ಸ್ವಿಚ್ ಆರಿಸದೆ, ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವುದು. ಎಂಸಿಬಿ ಪದೇ ಪದೇ ಬೀಳುತ್ತದೆಂದು ಅದಕ್ಕೊಂದು ಕಡ್ಡಿ ಸಿಕ್ಕಿಸುವುದು. ಬೀಳುವುದೇ ಅದರ ಕೆಲಸ ಎಂದರೆ, ಹಾಗಾದರೆ ರೊಕ್ಕ ಕೊಟ್ಟು ಯಾಕೆ ಹಾಕಿಸಬೇಕಿತ್ತು ಎಂಬ ಪ್ರತಿವಾದ ಸಿದ್ಧವಿರುತ್ತದೆ. ಪ್ರಮಾಣ ಕೇಳಿದರೆ ಸಿಗುವ ಉತ್ತರ ಒಂದೇ: ‘ನಮ್ಮಪ್ಪನ ಕಾಲದಿಂದ ಹಿಂಗೇ ಐತಿ.’

ಇದರ ಖಂಡನೆಗೆ ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನಿಂದ ಹಗಲೂ ರಾತ್ರಿ ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಮುಂದೆ ನಿಂತು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿ ಮುಚ್ಚಿಸಿದರು. ಆ ವಾರ ಹೊಸಪೇಟೆಯ ಚಹಾ ಅಂಗಡಿಗಳಲ್ಲಿ ಸರಪಳಿ ತಜ್ಞರಿಗೆ ಬರವಿರಲಿಲ್ಲ. 1953ರಿಂದ ನೀರು ಹಿಡಿದು ನಿಂತ ಡ್ಯಾಮಿನ ಸರಪಳಿಯನ್ನು ಯಾರೂ ನೋಡಲಿಲ್ಲವೇ ಎಂದು ಬೈದು ಬೈದು ದಣಿದು ಮನೆಗೆ ಹೋದವರು, ಮದುವೆಯಲ್ಲಿ ಬಂದ ಒಲೆಗೆ ಮದುವೆಯಲ್ಲೇ ಬಂದ ಪೈಪು ಹೊಂದಿಸಿಕೊಂಡು ಹಾಲು ಕಾಸಿ ಕುಡಿದು ಮಲಗಿದರು. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯುಷ್ಯ 5 ವರ್ಷ. ಮಗ ಹೈಸ್ಕೂಲಿಗೆ ಹೋಗುತ್ತಿದ್ದಾನೆ.

ಸಿಲಿಂಡರಿನ ಮೇಲಿನ ಲಿಪಿ

ಈ ನೆಲದಲ್ಲಿ ಬಂಡೆ ಕಂಡರೆ ಶಾಸನ ಹುಡುಕುವ ವಿದ್ವಾಂಸರು ಅಡುಗೆಮನೆಯ ಶಾಸನವೊಂದನ್ನು ಅಲಕ್ಷಿಸಿದ್ದಾರೆ. ಸಿಲಿಂಡರಿನ ಹಿಡಿಕೆಯ ಕೆಳಗೆ ನಿಂತಿರುವ ಮೂರು ಕಬ್ಬಿಣದ ಪಟ್ಟಿಗಳಲ್ಲಿ ಒಂದರ ಒಳಮೈ ನೋಡಿ: ‘ಬಿ-27’ ಎಂಬಂಥ ಬರಹವಿರುತ್ತದೆ. ಎ ಎಂದರೆ ವರ್ಷದ ಮೊದಲ ಮೂರು ತಿಂಗಳು, ಬಿ ಎಂದರೆ ಜೂನ್‌ವರೆಗಿನ ಮೂರು, ಹೀಗೆ ಡಿ ತನಕ. ಬಿ-27 ಎಂದರೆ 2027ರ ಜೂನ್‌ನೊಳಗೆ ಆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ಅವಧಿ ಮೀರಿದ್ದು ಮನೆಗೆ ಬಂದರೆ ವಾಪಸು ಕಳಿಸುವ ಹಕ್ಕು ಗೃಹಿಣಿಗಿದೆ. ಈ ಲಿಪಿಯನ್ನು ಓದಬಲ್ಲವರ ಸಂಖ್ಯೆ ಹಳಗನ್ನಡ ಓದಬಲ್ಲವರಿಗಿಂತ ಕಡಿಮೆ ಎಂದು ನಮ್ಮ ಅಂದಾಜು.

ಇದಕ್ಕಿಂತ ದೊಡ್ಡ ರಹಸ್ಯವೊಂದು ಒಳಗಿದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿದಾಗ ಮೂಗಿಗೆ ಬಡಿಯುವ ಆ ಕೊಳೆತ ನಾತ ಮರ್ಕ್ಯಾಪ್ಟನ್ ಎಂಬ ಪದಾರ್ಥದ್ದು, ಬೇಕೆಂದೇ ಬೆರೆಸಿರುತ್ತಾರೆ. ಅಪಾಯವೇ ಎದ್ದು ಬಂದು ‘ನಾನು ಬಂದೀನಿ’ ಎಂದು ಹೇಳುವ ಹಾಗೆ ಮಾಡಿದ ಮಹಾನುಭಾವರಿವರು. ಆದರೂ ‘ಹೊರಗ ಗಟಾರ ವಾಸನಿ ಇರಬೇಕು’ ಎಂದು ಲೈಟು ಹಚ್ಚಿ ನೋಡುವವರಿದ್ದಾರೆ. ಸ್ವಿಚ್ಚಿನ ಕಿಡಿಯೇ ಸಾಕು ಎಂದು ಗೊತ್ತಿಲ್ಲದೆ ಅಲ್ಲ. ಕತ್ತಲಲ್ಲಿ ವಾಸನೆ ಕಾಣುವುದಿಲ್ಲವಲ್ಲ! ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ನಿಂತು 1906ಕ್ಕೆ ಫೋನು ಮಾಡುವುದು ಸರಿಯಾದ ಕ್ರಮ. ವಿಷಯ ಇಷ್ಟು ಸರಳವಾಗಿರುವುದರಿಂದ ಇದರ ಮೇಲೆ ಯಾರೂ ಪಿಎಚ್‌ಡಿ ಮಾಡಿಲ್ಲ.

ಈ ಸಂಶೋಧಕನಿಗೆ ಹೊಳೆದ ಪ್ರಶ್ನೆ ಬೇರೆ: ಗ್ಯಾಸಿಗೆ ನಾತ ಬೆರೆಸಿದ ಹಾಗೆ ಮೋಸಕ್ಕೂ ಏನಾದರೂ ಬೆರೆಸಲು ಸಾಧ್ಯವೇ? ಹುಡುಕುತ್ತಾ ಹೋದಾಗ ತಿಳಿದದ್ದು, ಅದನ್ನು ವಂಚಕರೇ ಬೆರೆಸಿ ಕಳಿಸುತ್ತಿದ್ದಾರೆ.

ಆಕರ ಪರಿಶೀಲನೆ

ಮೊದಲನೆಯ ಆಕರ, ಮೊಬೈಲಿಗೆ ಬರುವ ಕರೆಂಟು ಬಿಲ್ಲಿನ ಸಂದೇಶ. ಪ್ರಾಚೀನ ದಾನಶಾಸನಕ್ಕೂ ಇದಕ್ಕೂ ರಚನೆಯಲ್ಲಿ ವಿಸ್ಮಯಕಾರಿ ಸಾಮ್ಯವಿದೆ. ಅಲ್ಲಿ ಮೊದಲು ‘ಸ್ವಸ್ತಿಶ್ರೀ’, ಇಲ್ಲಿ ‘ಡಿಯರ್ ಕನ್ಸ್ಯೂಮರ್’. ಅಲ್ಲಿ ರಾಜನ ಬಿರುದಾವಳಿ, ಇಲ್ಲಿ ‘ಎಲೆಕ್ಟ್ರಿಸಿಟಿ ಆಫೀಸರ್’. ಕೊನೆಯಲ್ಲಿ ಎರಡರಲ್ಲೂ ಶಾಪ. ದಾನ ಕೆಡಿಸಿದವನು 60,000 ವರ್ಷ ಹುಳುವಾಗಿ ಹುಟ್ಟಲಿ ಎಂದು ಹಳಬರು ನಿಧಾನವಾಗಿ ಶಪಿಸಿದರೆ, ಇಲ್ಲಿನ ಶಾಪಕ್ಕೆ ಮುಹೂರ್ತವೂ ಇದೆ: ಇಂದು ರಾತ್ರಿ 9.30ಕ್ಕೆ ನಿಮ್ಮ ಕರೆಂಟು ಕಟ್. ಪಾಠಾಂತರ ಶೋಧನೆಯಲ್ಲಿ ನಾವು ಕಂಡುಕೊಂಡದ್ದು, ಈ ಸಾಲು ನಮ್ಮ ಸೀಮೆಯವರು ಬರೆದದ್ದಲ್ಲ. ನಮ್ಮಲ್ಲಿ ಕರೆಂಟು ಹೇಳಿ ಹೋಗುವ ಪದ್ಧತಿಯೇ ಇಲ್ಲ.

ಎರಡನೆಯದು ಮದುವೆ ಆಮಂತ್ರಣ. ವಾಟ್ಸಾಪಿನಲ್ಲಿ ಬರುತ್ತದೆ, ವಧೂವರರ ಹೆಸರಿಲ್ಲ, ಕಡತದ ಬಾಲದಲ್ಲಿ ‘ಎಪಿಕೆ’ ಎಂದಿರುತ್ತದೆ. ಒತ್ತಿ ಇನ್‌ಸ್ಟಾಲ್ ಮಾಡಿದರೆ ಫೋನಿನ ಎಸ್ಸೆಮ್ಮೆಸ್ಸೆಲ್ಲ ಬೀಗರ ಮನೆ ಸೇರುತ್ತವೆ. ಕರೆಯದ ಮದುವೆಗೆ ಹೋಗಿ ಉಂಡು ಬರುವ ಧೈರ್ಯವಂತರು ನಮ್ಮಲ್ಲಿ ಬಹಳ; ಆದರೆ ಈ ಮದುವೆಯಲ್ಲಿ ಉಣ್ಣುವವರು ಅವರು.

ಮೂರನೆಯದಕ್ಕೆ ವಿಸ್ತಾರ ಬೇಕು, ಏಕೆಂದರೆ ಅದು ನಮ್ಮ ಜಿಲ್ಲೆಯ ಸ್ವಂತ ಬೆಳೆ: ಬಂಗಾರದ ನಾಣ್ಯ. ಹೂವಿನಹಡಗಲಿ, ಹರಪನಹಳ್ಳಿ, ದಾವಣಗೆರೆ ಕಡೆಯ ಠಾಣೆಗಳಿಗೆ ಈ ಕಥೆ ಬಾಯಿಪಾಠವಾಗಿದೆ. ದೂರದ ಊರಿನವರಿಗೆ ಒಂದು ಕರೆ. ‘ಅಣ್ಣಾರ, ಮನಿ ಕಟ್ಟಾಕ ಪಾಯ ತೋಡಿದ್ವಿ, ಬಂಗಾರದ ನಾಣ್ಯ ಸಿಕ್ಕಾವ. ನಮಗ ಮಾರಾಕ ತಿಳಿಯಂಗಿಲ್ಲ. ನೀವು ದೇವರಂಥೋರು.’ ಬಂದು ನೋಡಿದರೆ ಒಂದೆರಡು ನಾಣ್ಯ ಪುಕ್ಕಟೆ ಕೊಡುತ್ತಾರೆ. ಅಕ್ಕಸಾಲಿಗ ಒರೆಗೆ ಹಚ್ಚಿ ನೋಡಿ ಅಸಲಿ ಎನ್ನುತ್ತಾನೆ, ಅವು ಅಸಲಿಯೇ. ಮುಂದಿನ ಸಲ ನೋಟಿನ ಚೀಲ ತಂದವರಿಗೆ ಊರಾಚೆಯ ಹೊಲದಲ್ಲಿ ಗಂಟು ಕೊಡುತ್ತಾರೆ, ಅಷ್ಟರಲ್ಲಿ ‘ಪೊಲೀಸ್ರು ಬಂದ್ರು’ ಎಂಬ ಕೂಗು. ಓಡಿ ಕಾರು ಹತ್ತಿ ಮನೆಗೆ ಬಂದು ಗಂಟು ಬಿಚ್ಚಿದರೆ ಹಿತ್ತಾಳೆ.

ಇಲ್ಲಿ ಇತಿಹಾಸಕಾರರೂ ಸ್ವಲ್ಪ ಹೊಣೆ ಹೊರಬೇಕಾಗುತ್ತದೆ. ಹಂಪಿಯಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂದು ಮಕ್ಕಳಿಗೆ ಹೇಳಿಕೊಟ್ಟವರು ಯಾರು? 1565ರಲ್ಲಿ ವಿಜಯನಗರ ಸೋತ ನಂತರ 550 ಆನೆಗಳ ಮೇಲೆ ಭಂಡಾರ ಹೇರಿಕೊಂಡು ತಿರುಮಲ ಪೆನುಗೊಂಡೆಯತ್ತ ಹೋದನೆಂದು ರಾಬರ್ಟ್ ಸೆವೆಲ್ 1900ರಲ್ಲೇ ಬರೆದಿದ್ದಾನೆ. ಅಷ್ಟು ಆನೆ ಕಟ್ಟಿಸಿ ಗುಡಿಸಿಕೊಂಡು ಹೋದವರು, ಹಡಗಲಿಯ ಪಾಯದಲ್ಲಿ ನಿಮ್ಮ ಪಾಲಿನದನ್ನು ಬಿಟ್ಟು ಹೋದರೇ? ಅಸಲಿ ವರಾಹದ ತೂಕ ಸುಮಾರು 3.4 ಗ್ರಾಂ, ಸೇರುಗಟ್ಟಲೆ ಸಿಕ್ಕಿದ್ದೇ ನಿಜವಾದರೆ ಕಾನೂನಿನ ಪ್ರಕಾರ ಅದನ್ನು ಸರ್ಕಾರಕ್ಕೆ ತಿಳಿಸಬೇಕು. 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದೇ ನಿಯಮ. ಅಂದರೆ ಖರೀದಿದಾರನಿಗೂ ಇದು ಕಳ್ಳ ವ್ಯಾಪಾರ ಎಂದು ಗೊತ್ತು. ಅದಕ್ಕೇ ಹೆಂಡತಿಗೂ ಹೇಳಿರುವುದಿಲ್ಲ. ಹೇಳಿದ್ದರೆ, ‘ಅಷ್ಟ್ ಬಂಗಾರ ಸಿಕ್ರ ನಿಮಗ್ಯಾಕ ಫೋನ್ ಮಾಡ್ತಾನ?’ ಎಂಬ ಒಂದೇ ಪ್ರಶ್ನೆಗೆ ಇಡೀ ಸಾಮ್ರಾಜ್ಯ ಪತನವಾಗುತ್ತಿತ್ತು.

(ಸಂಡೂರಿನ ಕೆಂಪು ಧೂಳು ಚಿನ್ನವಾಗಿದ್ದ ವರ್ಷಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದಾಗ ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡದ್ದು ಪ್ರತ್ಯೇಕ ಸಂಪುಟಕ್ಕೆ ಸೇರಿದ ವಿಷಯ. ಅದು ಮೋಸವಲ್ಲ, ಆಸೆ. ಎರಡಕ್ಕೂ ಅರ್ಜಿ ನಮೂನೆ ಮಾತ್ರ ಒಂದೇ.)

ಏಳು ಸುತ್ತಿನ ಕೋಟೆ

1443ರಲ್ಲಿ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ವಿಜಯನಗರಕ್ಕೆ ಒಂದರೊಳಗೊಂದು ಏಳು ಕೋಟೆಗಳಿವೆ ಎಂದು ಬರೆದ. ಇಂದಿನ ಹೊಸಪೇಟೆಯ ಹೊಸ ಬಡಾವಣೆಯ ಮನೆಗೂ ಏಳೇ: ಕಾಂಪೌಂಡು, ಗೇಟು, ನಾಯಿ ಇದೆ ಎಂಬ ಬೋರ್ಡು, ಸಿಸಿಟಿವಿ, ಕಬ್ಬಿಣದ ಬಾಗಿಲು, ಮರದ ಬಾಗಿಲು, ಗೋದ್ರೆಜ್ ಬೀರು. ಶತ್ರು ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ವೀಡಿಯೊ ಕರೆಯಲ್ಲಿ ಖಾಕಿ ತೊಟ್ಟು ನೇರ ಮಲಗುವ ಕೋಣೆಗೆ ಬರುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟಿನಲ್ಲಿದ್ದೀರಿ, ಬಾಗಿಲು ಹಾಕಿಕೊಳ್ಳಿ, ಮನೆಯವರಿಗೂ ಹೇಳಬೇಡಿ. ಅಲ್ಲಿಗೆ ಏಳೂ ಗೋಡೆಗಳು ವಂಚಕನ ಪಕ್ಷ ಸೇರುತ್ತವೆ. ಒಳಗಿರುವವರೇ ಕೈದಿ, ಬೀಗವೂ ಅವರದೇ. ಇಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ ಮನದ ಮಾತಿನಲ್ಲಿ ಪ್ರಧಾನಿ ವಿಜಯಪುರದವರೊಬ್ಬರಿಗೆ ಬಂದ ಕರೆಯನ್ನೇ ದೇಶಕ್ಕೆ ಕೇಳಿಸಿ ಇದನ್ನು ಹೇಳಿದರು.

ಈಗ ನಾಣ್ಯ, ಖಾಕಿ, ಕರೆಂಟು ಮೂರನ್ನೂ ಜೊತೆಗಿಟ್ಟು ಮೂಸಿ ನೋಡಿ. ನಾಣ್ಯದವನು ‘ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ’ ಎನ್ನುತ್ತಾನೆ. ಖಾಕಿಯವನು ಮನೆಯವರಿಗೂ ಹೇಳಬೇಡಿ ಎನ್ನುತ್ತಾನೆ. ಕರೆಂಟಿನವನು 9.30ರ ಗಡುವು ಹಾಕಿ, ಯಾರನ್ನೂ ಕೇಳಲು ಪುರುಸೊತ್ತಿಲ್ಲದ ಹಾಗೆ ಮಾಡುತ್ತಾನೆ. ಇದೇ ಮರ್ಕ್ಯಾಪ್ಟನ್.

ಸಿದ್ಧಾಂತ

1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಸಂಗತಿ ದಾಖಲಿಸಿದ್ದಾನೆ. ನಗರದಲ್ಲಿ ಕಳವಾದರೆ ಕಾವಲಿನ ಮುಖ್ಯಸ್ಥನೇ ಲೆಕ್ಕ ಒಪ್ಪಿಸಬೇಕು, ಅದಕ್ಕೇ ಕಳ್ಳತನ ಕಡಿಮೆ. ಕಳ್ಳ ಹೇಗಿದ್ದನೆಂದು ಹೇಳಿ ಸಣ್ಣ ಕಾಣಿಕೆ ಇಟ್ಟರೆ, ಅವನು ನಗರದಲ್ಲೇ ಇದ್ದಾನೋ ಇಲ್ಲವೋ ಎಂದು ಮಾಂತ್ರಿಕರ ಮೂಲಕ ತಿಳಿಯುತ್ತಿದ್ದರಂತೆ. ಇಂದು ಅದೇ ಕೆಲಸಕ್ಕೆ 1930 ಎಂಬ ಸಹಾಯವಾಣಿ ಸಂಖ್ಯೆಯಿದೆ, ಕಾಣಿಕೆ ಬೇಡ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುವ ಮೊದಲೇ ತಿಳಿಸಿದರೆ ನಡುದಾರಿಯಲ್ಲಿ ತಡೆಹಿಡಿಯುತ್ತಾರೆ. ನಾಚಿಕೆಪಟ್ಟು ಒಂದು ರಾತ್ರಿ ಕಳೆದರೆ ಮಾಂತ್ರಿಕರೂ ಕೈಚೆಲ್ಲುತ್ತಾರೆ.

ಆದರೆ ಹಣ ಹೋಗುವ ಮೊದಲಿನ ಕಾವಲು? ಈ ಹುದ್ದೆ ಹಿಂದೆ ಕಟ್ಟೆಯ ಮೇಲೆ ಕೂತ ಅಜ್ಜಿಯದಾಗಿತ್ತು. ಕಂಪ್ಲಿಯ ಭತ್ತದ ಗದ್ದೆಗಳ ನಡುವಿನ ಒಂದು ಹಳೇ ಮನೆಯಲ್ಲಿ ನಡೆಸಿದ ಕ್ಷೇತ್ರಕಾರ್ಯದಲ್ಲಿ ಈ ಸಂಸ್ಥೆ ಇನ್ನೂ ಚಾಲ್ತಿಯಲ್ಲಿರುವುದು ಕಂಡುಬಂತು. ಸಿಬಿಐನಿಂದ ಎಂದು ಬಂದ ಕರೆಯನ್ನು ಅಜ್ಜಿಯೇ ಎತ್ತಿಕೊಂಡರು.

‘ಯಾರಪ್ಪಾ ನೀನು? ಯಾವೂರು?’

‘ಡೆಲ್ಲಿ.’

‘ಅದಲ್ಲೋ, ಮೂಲ ಯಾವೂರು? ಯಾರ ಪೈಕಿ? ಇಷ್ಟ್ ಚಲೋ ಕನ್ನಡ ಮಾತಾಡ್ತಿ.’

ಆತ ಅರೆಸ್ಟ್ ವಾರಂಟು ಎಂದ. ಅದಿರಲಿ, ಊಟ ಆತೇನು ಎಂದರು ಅಜ್ಜಿ. ಆತ ದನಿ ಏರಿಸಿದ. ಮದುವಿ ಆಗೈತೇನು, ನಮ್ಮ ಮೊಮ್ಮಗಳಿಗೆ ಗಂಡು ನೋಡಾಕತ್ತೀವಿ, ಸಿಬಿಐದಾಗ ಪಗಾರ ಎಷ್ಟು ಎಂದು ಕೇಳುವಷ್ಟರಲ್ಲಿ ಕರೆ ಕಟ್ಟಾಯಿತು. ‘ನೌಕರಿ ಪರ್ಮನೆಂಟ್ ಇರಲಿಕ್ಕಿಲ್ಲ’ ಎಂದು ಅಜ್ಜಿ ತೀರ್ಮಾನಿಸಿದರು.

ಈ ಸಿದ್ಧಾಂತಕ್ಕೆ ಒಂದು ಆಕ್ಷೇಪವಿದೆ, ಮುಚ್ಚಿಡುವುದು ವಿದ್ವತ್ತಿಗೆ ತಕ್ಕುದಲ್ಲ. ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿ ಏಳು ಸುತ್ತಿನೊಳಗೆ ಅಜ್ಜಿಯೊಬ್ಬರೇ ಉಳಿದರೆ ಇದೇ ಅಜ್ಜಿ ಹೆದರುತ್ತಾರೆ. ಅವರ ಧೈರ್ಯವಿದ್ದದ್ದು ಕಟ್ಟೆಯಲ್ಲಿ, ಪಕ್ಕದಲ್ಲಿ ಕೂತು ‘ಯಾರದು ಫೋನು?’ ಎಂದು ಕೇಳುವ ಇನ್ನೊಬ್ಬ ಅಜ್ಜಿಯಲ್ಲಿ. ಆದ್ದರಿಂದ ಮನೆ ನಕ್ಷೆಗೆ ಮಂಜೂರಾತಿ ಕೊಡುವಾಗ ಬೀದಿಗೆ ಮುಖ ಮಾಡಿದ ಒಂದು ಕಟ್ಟೆ ಕಡ್ಡಾಯವಾಗಬೇಕೆಂದು ಸಂಬಂಧಪಟ್ಟ ಕಚೇರಿಗೆ ಮನವಿ ಒಯ್ದೆವು. ಸೆಟ್‌ಬ್ಯಾಕಿನಲ್ಲಿ ಕಟ್ಟೆ ಕಟ್ಟಿದರೆ ಉಲ್ಲಂಘನೆಯಾಗುತ್ತದೆ, ಏನಿದ್ದರೂ ಆನ್‌ಲೈನ್ ಅರ್ಜಿ ಹಾಕಿ ಎಂದರು. ಅರ್ಜಿ ತುಂಬಿಯಾಗಿದೆ, ಅಜ್ಜಿಯ ನಂಬರಿಗೆ ಒಟಿಪಿಯೂ ಬಂದಿದೆ. ಹೇಳಿ ಎಂದರೆ ಅವರು ಹೇಳುತ್ತಿಲ್ಲ.